ಒಂದೇ ಕಂಪನಾಂಕ, ಹಲವು ವಾಹಿನಿ: ಬಳ್ಳಾರಿಗೆ ಬೇಕಾದ ರೇಡಿಯೊ

ಬೆಂಗಳೂರಿನಲ್ಲಿ ಎಫ್‌ಎಂ ರೇಡಿಯೊದ ಮುಳ್ಳನ್ನು ತಿರುಗಿಸುತ್ತ ಹೋದರೆ 91.1, 91.9, 92.7, 93.5, 94.3 ಎಂದು ಖಾಸಗಿ ನಿಲಯಗಳು ಸಾಲಾಗಿ ಸಿಗುತ್ತವೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ 0.8 ಮೆಗಾಹರ್ಟ್ಸ್, ಅಂದರೆ 800 ಕಿಲೋಹರ್ಟ್ಸ್ ಅಂತರವಿದೆ. ಒಂದು ಎಫ್‌ಎಂ ನಿಲಯದ ಸಂಕೇತಕ್ಕೆ ಬೇಕಾಗುವುದು ಸುಮಾರು 200 ಕಿಲೋಹರ್ಟ್ಸ್ ಮಾತ್ರ. ಉಳಿದದ್ದು ಒಂದು ನಿಲಯದ ಧ್ವನಿ ಪಕ್ಕದ ನಿಲಯಕ್ಕೆ ತಾಗದಿರಲಿ ಎಂದು ಬಿಟ್ಟ ಜಾಗ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಗೆ ಬಂದರೆ ಅದೇ ಮುಳ್ಳು ಬಹುದೂರ ಬರಿದೇ ಓಡುತ್ತದೆ. ಆಕಾಶವಾಣಿಯ ಬಳ್ಳಾರಿ, ರಾಯಚೂರು ಮತ್ತು ಹೊಸಪೇಟೆ ನಿಲಯಗಳೇ ಇಲ್ಲಿನ ಕೇಳುಗರಿಗೆ ಮುಖ್ಯ ಆಸರೆ. ಬೆಳಗಿನ ಚಿಂತನ, ಪ್ರದೇಶ ಸಮಾಚಾರ, ರೈತರ ಕಾರ್ಯಕ್ರಮ, ಚಿತ್ರಗೀತೆ, ನಾಟಕ, ಜನಪದ ಹಾಡು ಎಲ್ಲವೂ ಒಂದೇ ವಾಹಿನಿಯೊಳಗೆ ಗಂಟೆಗಳ ಲೆಕ್ಕದಲ್ಲಿ ಜಾಗ ಹಂಚಿಕೊಳ್ಳಬೇಕು. ಹತ್ತಿಯ ಧಾರಣೆ ಬೇಕಾದವನು ಚಿತ್ರಗೀತೆ ಮುಗಿಯುವವರೆಗೆ ಕಾಯಬೇಕು, ಹಾಡು ಬೇಕಾದವನು ಧಾರಣೆ ಮುಗಿಯುವವರೆಗೆ ಕಾಯಬೇಕು.

ಒಂದೇ ಕಂಪನಾಂಕದಲ್ಲಿ ಒಂದಕ್ಕಿಂತ ಹೆಚ್ಚು ವಾಹಿನಿಗಳನ್ನು ಕಳಿಸುವ ಡಿಜಿಟಲ್ ವಿಧಾನಗಳು ಈ ಕಾಯುವಿಕೆಯನ್ನು ತಪ್ಪಿಸಬಲ್ಲವು. ಮುಖ್ಯ ವಾಹಿನಿಯ ಜೊತೆಯಲ್ಲಿ ಸಾಗುವ ಇಂಥ ಉಪವಾಹಿನಿಗಳ ಕುರಿತ ಚರ್ಚೆ ನಮ್ಮ ದೇಶದಲ್ಲಿ ಮಹಾನಗರಗಳ ಸುತ್ತಲೇ ನಡೆಯುತ್ತಿದೆ. ನನ್ನ ಅಭಿಪ್ರಾಯದಲ್ಲಿ ಅವುಗಳ ಅಗತ್ಯ ಹೆಚ್ಚಿರುವುದು ನಿಲಯಗಳು ಕಡಿಮೆ ಇದ್ದು ಭಾಷೆ ಮತ್ತು ಕಸುಬುಗಳು ಹೆಚ್ಚಿರುವ ಬಳ್ಳಾರಿಯಂಥ ಊರುಗಳಲ್ಲಿ.

ಉಪವಾಹಿನಿ ಎಂಬುದು ಡಿಜಿಟಲ್ ಯುಗದ ಆವಿಷ್ಕಾರವಲ್ಲ. ನಾವು ಇಂದಿಗೂ ಕೇಳುವ ಸಾಧಾರಣ ಎಫ್‌ಎಂ ಸಂಕೇತದೊಳಗೇ ಹಲವು ಪದರಗಳಿವೆ. ಎಡ ಮತ್ತು ಬಲ ಧ್ವನಿಗಳ ಮೊತ್ತ 15 ಕಿಲೋಹರ್ಟ್ಸ್‌ವರೆಗಿನ ಪದರದಲ್ಲಿ ಕುಳಿತಿರುತ್ತದೆ. 19 ಕಿಲೋಹರ್ಟ್ಸ್‌ನಲ್ಲಿ ಒಂದು ಸಣ್ಣ ಸೂಚಕ ಸ್ವರವಿರುತ್ತದೆ. ಎಡ ಬಲಗಳ ವ್ಯತ್ಯಾಸ 23ರಿಂದ 53 ಕಿಲೋಹರ್ಟ್ಸ್ ನಡುವೆ ಸಾಗುತ್ತದೆ. ಸೂಚಕ ಸ್ವರವನ್ನು ಗುರುತಿಸಿದ ರೇಡಿಯೊ ಮೊತ್ತ ಮತ್ತು ವ್ಯತ್ಯಾಸಗಳನ್ನು ಕೂಡಿಸಿ ಕಳೆದು ಸ್ಟೀರಿಯೊ ಧ್ವನಿಯನ್ನು ಕೊಡುತ್ತದೆ. ಅದರ ಮೇಲೆ, ಸೂಚಕ ಸ್ವರದ ಸರಿಯಾಗಿ ಮೂರು ಪಟ್ಟಿನಲ್ಲಿ, 57 ಕಿಲೋಹರ್ಟ್ಸ್‌ನಲ್ಲಿ, ಸೆಕೆಂಡಿಗೆ 1187.5 ಬಿಟ್ ವೇಗದ ಒಂದು ದತ್ತಾಂಶ ಪದರವಿದೆ. ಕಾರಿನ ರೇಡಿಯೊದಲ್ಲಿ ನಿಲಯದ ಹೆಸರು ಎಂಟು ಅಕ್ಷರಗಳಲ್ಲಿ ಮೂಡುವುದು ಇದರಿಂದಲೇ. ಅದಕ್ಕೂ ಮೇಲೆ 67 ಮತ್ತು 92 ಕಿಲೋಹರ್ಟ್ಸ್‌ಗಳಲ್ಲಿ ಇನ್ನೂ ಎರಡು ಸಣ್ಣ ಧ್ವನಿವಾಹಿನಿಗಳನ್ನು ಕೂರಿಸಬಹುದು. ಅಮೆರಿಕದಲ್ಲಿ ಇದಕ್ಕೆ 1955ರಲ್ಲೇ ಅನುಮತಿ ದೊರೆಯಿತು. ಅಂಗಡಿಗಳಲ್ಲಿ ಹಿನ್ನೆಲೆಯಾಗಿ ಕೇಳಿಸುವ ಸಂಗೀತ, ದೃಷ್ಟಿಹೀನರಿಗಾಗಿ ದಿನಪತ್ರಿಕೆ ಓದುವ ಸೇವೆ ಮೊದಲಾದವು ಈ ಪದರಗಳಲ್ಲಿ ದಶಕಗಳ ಕಾಲ ಸಾಗಿದವು. ಕೇಳಲು ವಿಶೇಷ ಪೆಟ್ಟಿಗೆ ಬೇಕಿತ್ತು, ಧ್ವನಿಯ ಗುಣಮಟ್ಟವೂ ಸಾಧಾರಣವಾಗಿತ್ತು. ಆದರೂ ಬಹುಜನರಿಗೆ ಬೇಡವಾದದ್ದನ್ನು ಬೇಕಾದ ಕೆಲವರಿಗೆ ತಲುಪಿಸುವ ಕೆಲಸವನ್ನು ಅವು ಮಾಡಿದವು.

ಡಿಜಿಟಲ್ ವಿಧಾನ ಈ ಪದರಗಳನ್ನು ಬಿಟ್ಟು ಮುಖ್ಯ ಸಂಕೇತದ ಅಕ್ಕಪಕ್ಕಕ್ಕೆ ಹೋಗುತ್ತದೆ. ಅಮೆರಿಕ 2002ರಲ್ಲಿ ಒಪ್ಪಿದ ಎಚ್‌ಡಿ ರೇಡಿಯೊದಲ್ಲಿ ಎಫ್‌ಎಂ ಸಂಕೇತದ ಎರಡೂ ಬದಿಗೆ, ಕೇಂದ್ರದಿಂದ ಸುಮಾರು 130ರಿಂದ 200 ಕಿಲೋಹರ್ಟ್ಸ್ ದೂರದಲ್ಲಿ, ಡಿಜಿಟಲ್ ಪಟ್ಟಿಗಳಿರುತ್ತವೆ. ಇವುಗಳ ಶಕ್ತಿ ಮೊದಲು ಮುಖ್ಯ ಸಂಕೇತದ ಶೇ 1ರಷ್ಟೇ ಇತ್ತು. ವ್ಯಾಪ್ತಿ ಸಾಲದೆಂದು 2010ರಲ್ಲಿ ಶೇ 10ರವರೆಗೆ ಏರಿಸಲು ಅವಕಾಶ ಕೊಡಲಾಯಿತು. ನಮ್ಮ ಆಕಾಶವಾಣಿ ತನ್ನ ಮೀಡಿಯಂ ವೇವ್ ಪ್ರಸಾರಕ್ಕೆ ಆರಿಸಿಕೊಂಡದ್ದು ಡಿಆರ್‌ಎಂ ಎಂಬ ಬೇರೊಂದು ವಿಧಾನ. ಇದೇ ವಿಧಾನದ ಎಫ್‌ಎಂ ರೂಪದಲ್ಲಿ ಡಿಜಿಟಲ್ ಸಂಕೇತ 96 ಕಿಲೋಹರ್ಟ್ಸ್ ಅಗಲದ ಒಂದೇ ಕಟ್ಟಾಗಿ ಮುಖ್ಯ ನಿಲಯದ ಮಗ್ಗುಲಿನ ಖಾಲಿ ಜಾಗದಲ್ಲಿ ಕೂರುತ್ತದೆ.

ಈ ಕಟ್ಟಿನ ಒಳಗನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ನಮ್ಮ ನೆಲದ ಸ್ವರೂಪಕ್ಕೂ ಅದಕ್ಕೂ ನೇರ ಸಂಬಂಧವಿದೆ. ಅದರಲ್ಲಿ 213 ಸಣ್ಣ ವಾಹಕ ಅಲೆಗಳು ಒಂದರಿಂದೊಂದು ಸುಮಾರು 444 ಹರ್ಟ್ಸ್ ಅಂತರದಲ್ಲಿರುತ್ತವೆ. ಎಪಿಎಂಸಿ ಅಂಗಳದಲ್ಲಿ ಇಡೀ ಲಾರಿಯ ಸರಕನ್ನು ಒಬ್ಬನೇ ಓಡೋಡಿ ಇಳಿಸುವ ಬದಲು ಇನ್ನೂರು ಹಮಾಲರು ಒಂದೊಂದು ಚೀಲ ಹೊತ್ತು ನಿಧಾನವಾಗಿ ನಡೆದಂತೆ, ಪ್ರತಿ ಅಲೆಯೂ ಮಾಹಿತಿಯ ಸಣ್ಣ ಪಾಲನ್ನು ಮಾತ್ರ ಹೊರುತ್ತದೆ. ಹೀಗೆ ನಿಧಾನವಾಗಿ ಹೊರುವುದರ ಲಾಭ ಪ್ರತಿಧ್ವನಿಯ ವಿಷಯದಲ್ಲಿ ಕಾಣುತ್ತದೆ. ಬಳ್ಳಾರಿ ಗುಡ್ಡವಿರಲಿ, ಆನೆಗೊಂದಿ, ಗಂಗಾವತಿ ಸುತ್ತಲಿನ ಬಂಡೆಗಲ್ಲಿನ ಬೆಟ್ಟಗಳಿರಲಿ, ರೇಡಿಯೊ ಅಲೆ ಅವಕ್ಕೆ ಬಡಿದು ಮರಳಿ ಬಂದಾಗ ಒಂದೇ ಸಂಕೇತ ಎರಡು ಮೂರು ದಾರಿಗಳಿಂದ, ಬೇರೆ ಬೇರೆ ಹೊತ್ತಿಗೆ, ಆಂಟೆನಾಕ್ಕೆ ತಲುಪುತ್ತದೆ. ಬೆಟ್ಟದ ತಿರುವಿನಲ್ಲಿ ಕಾರಿನ ಎಫ್‌ಎಂ ಹಾಡು ಗರಗರ ಎನ್ನುವುದು ಇದರಿಂದಲೇ. ಡಿಆರ್‌ಎಂನಲ್ಲಿ ಮಾಹಿತಿ ತುಣುಕು ತುಣುಕಾಗಿ ಹೋಗುತ್ತದೆ; ಪ್ರತಿ ತುಣುಕಿಗೂ, ಪ್ರತಿಧ್ವನಿ ಅಡಗಲೆಂದು, 0.25 ಮಿಲಿಸೆಕೆಂಡಿನ ರಕ್ಷಣಾ ಅವಧಿ ಇರುತ್ತದೆ. ಅಷ್ಟು ಹೊತ್ತಿನಲ್ಲಿ ರೇಡಿಯೊ ಅಲೆ 75 ಕಿಲೋಮೀಟರ್ ಸಾಗಬಲ್ಲದು. ಆದ್ದರಿಂದ ನೇರ ದಾರಿಗಿಂತ 75 ಕಿಲೋಮೀಟರ್ ಹೆಚ್ಚು ಸುತ್ತಿ ಬಂದ ಅಲೆಯೂ ಮುಂದಿನ ತುಣುಕನ್ನು ಕೆಡಿಸುವುದಿಲ್ಲ.

ಇದರಿಂದ ಇನ್ನೊಂದು ಅನುಕೂಲವಿದೆ, ಮತ್ತು ಇಲ್ಲಿನ ಮಟ್ಟಿಗೆ ಅದೇ ದೊಡ್ಡದು. ಎರಡು ಪ್ರಸಾರಕಗಳು, ಅಂದರೆ ಪ್ರಸಾರ ಯಂತ್ರಗಳು, ಒಂದೇ ಕಾರ್ಯಕ್ರಮವನ್ನು ಒಂದೇ ಕಂಪನಾಂಕದಲ್ಲಿ ಕಳಿಸಿದರೆ ಸಾಧಾರಣ ಎಫ್‌ಎಂನಲ್ಲಿ ನಡುವಿನ ಊರುಗಳಲ್ಲಿ ಎರಡೂ ಕಲಸಿಹೋಗುತ್ತವೆ; ಡಿಜಿಟಲ್‌ನಲ್ಲಿ ಎರಡನೆಯದು ಮತ್ತೊಂದು ಪ್ರತಿಧ್ವನಿಯಷ್ಟೇ ಆಗುತ್ತದೆ. ಬಳ್ಳಾರಿಗೂ ಹೊಸಪೇಟೆಗೂ ಇರುವ ದೂರ ಆ 75 ಕಿಲೋಮೀಟರಿಗಿಂತ ಕಡಿಮೆ. ಹೊಸಪೇಟೆಯಿಂದ ಕೊಪ್ಪಳ ಇನ್ನೂ ಸಮೀಪ. ಎರಡು ಮೂರು ಪ್ರಸಾರಕಗಳನ್ನು ಗಡಿಯಾರಕ್ಕೆ ಸರಿಯಾಗಿ ಹೊಂದಿಸಿದರೆ ತುಂಗಭದ್ರೆಯ ಎರಡೂ ದಂಡೆಗಳಿಗೆ ಒಂದೇ ಕಂಪನಾಂಕ ಸಾಕಾಗಬಹುದು.

ಹಾಗೆಂದು ಜಾಗ ಅಪಾರವಾಗಿಲ್ಲ. ಎಫ್‌ಎಂ ಪಟ್ಟಿಯ ಡಿಆರ್‌ಎಂ ಕಟ್ಟು ಸೆಕೆಂಡಿಗೆ 37ರಿಂದ 186 ಕಿಲೋಬಿಟ್‌ವರೆಗೆ ಸಾಗಿಸುತ್ತದೆ. ದೋಷ ತಿದ್ದುವ ರಕ್ಷಣೆ ಗಟ್ಟಿಯಾದಷ್ಟೂ ವ್ಯಾಪ್ತಿ ಹೆಚ್ಚುತ್ತದೆ, ಕಾರ್ಯಕ್ರಮಕ್ಕೆ ಸಿಗುವ ಬಿಟ್‌ಗಳು ಕಡಿಮೆಯಾಗುತ್ತವೆ. ನಡುವಿನ ಒಂದು ಹೊಂದಾಣಿಕೆಯಲ್ಲಿ 100 ಕಿಲೋಬಿಟ್ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಸಂಗೀತದ ವಾಹಿನಿಗೆ 48 ಕೊಟ್ಟರೆ ಸ್ಟೀರಿಯೊ ಧ್ವನಿ ಚೆನ್ನಾಗಿ ಬರುತ್ತದೆ. ಹಾಡು ಮಾತು ಎರಡೂ ಇರುವ ಇನ್ನೊಂದಕ್ಕೆ 28. ಬರೀ ಮಾತಿನ ಮೂರನೆಯದಕ್ಕೆ 16 ಕಿಲೋಬಿಟ್ ಸಾಕು, ಏಕೆಂದರೆ ಡಿಆರ್‌ಎಂ ಬಳಸುವ ಈಗಿನ ಧ್ವನಿಸಂಕೋಚನ ವಿಧಾನ ಮಾತನ್ನು ಅಷ್ಟರಲ್ಲೇ ಸ್ಪಷ್ಟವಾಗಿ ಹಿಡಿದಿಡುತ್ತದೆ. ಉಳಿದ 8 ಕಿಲೋಬಿಟ್ ಪಠ್ಯಕ್ಕೆ. ಮೂರನೆಯದರ ಜೊತೆಗೆ ನಾಲ್ಕನೆಯದನ್ನೂ ಸೇರಿಸುವ ಆಸೆಯಿಂದ ಸಂಗೀತದ ಬಿಟ್‌ಗಳನ್ನು ಕಿತ್ತರೆ ತಂಬೂರಿಯ ನಾದ ತಗಡಿನ ಸದ್ದಾಗುತ್ತದೆ. ಯಾವ ವಾಹಿನಿಗೆ ಯಾವ ಫಾರ್ಮ್ಯಾಟ್, ಅಂದರೆ ಯಾವ ಬಗೆಯ ಕಾರ್ಯಕ್ರಮ, ಎಂಬ ತೀರ್ಮಾನವೇ ಎಷ್ಟು ಬಿಟ್ ಎಂಬುದನ್ನೂ ತೀರ್ಮಾನಿಸುತ್ತದೆ. ಕಾರ್ಯಕ್ರಮ ನಿರ್ವಾಹಕರೂ ಎಂಜಿನಿಯರೂ ಒಟ್ಟಿಗೆ ಕುಳಿತು ಮಾಡಬೇಕಾದ ಕೆಲಸವಿದು.

ಅಮೆರಿಕದ ನಗರಗಳ ಅನುಭವದಲ್ಲಿ ಇದಕ್ಕೆ ಪಾಠಗಳಿವೆ. ಅಲ್ಲಿ ಎಚ್‌ಡಿ1 ಎಂಬುದು ಮುಖ್ಯ ಎಫ್‌ಎಂ ಕಾರ್ಯಕ್ರಮದ ಡಿಜಿಟಲ್ ಪ್ರತಿ. ಎಚ್‌ಡಿ2, ಎಚ್‌ಡಿ3 ಉಪವಾಹಿನಿಗಳು. ಸುದ್ದಿಗೆ ಮೀಸಲಾದ ಸಾರ್ವಜನಿಕ ನಿಲಯಗಳು ಶಾಸ್ತ್ರೀಯ ಸಂಗೀತ ಅಥವಾ ಜಾಜ್ ಅನ್ನು ಎರಡನೆಯದಕ್ಕೆ ಸರಿಸಿದವು. ವಾಣಿಜ್ಯ ನಿಲಯಗಳು ಹಳೆಯ ರಾಕ್, ಸ್ಪ್ಯಾನಿಷ್ ಮೊದಲಾದ ಭಾಷೆಗಳ ಕಾರ್ಯಕ್ರಮ, ಧಾರ್ಮಿಕ ಪ್ರವಚನ, ತಮ್ಮದೇ ಎಎಂ ನಿಲಯದ ಕ್ರೀಡಾ ಮಾತುಕತೆ ಮುಂತಾದವನ್ನು ಇಟ್ಟವು. ಆದರೆ ಬಹಳಷ್ಟು ಕಡೆ ಎರಡನೆಯ ವಾಹಿನಿ ಕಂಪ್ಯೂಟರಿನಿಂದ ಹಾಡುಗಳು ತಾವಾಗಿಯೇ ಸರಿಯುವ, ನಿರೂಪಕರೇ ಇಲ್ಲದ ವಾಹಿನಿಯಾಗಿ ಉಳಿಯಿತು. ಯಾರೂ ಮಾತನಾಡಿಸದ ವಾಹಿನಿಯನ್ನು ಕೇಳುಗರು ಹುಡುಕಿಕೊಂಡು ಬರುವುದಿಲ್ಲ. ತಾಂತ್ರಿಕ ತೊಡಕೂ ಒಂದಿತ್ತು: ಡಿಜಿಟಲ್ ಸಂಕೇತ ಕ್ಷೀಣಿಸಿದರೆ ಎಚ್‌ಡಿ1 ಸದ್ದಿಲ್ಲದೆ ಸಾಧಾರಣ ಎಫ್‌ಎಂಗೆ ಹೊರಳುತ್ತದೆ, ಉಪವಾಹಿನಿಗೆ ಅಂಥ ಆಸರೆ ಇಲ್ಲ. ಅದು ಥಟ್ಟನೆ ನಿಲ್ಲುತ್ತದೆ. ನಗರದ ಅಂಚು ದಾಟುವ ಕೇಳುಗನಿಗೆ ಹಾಡಿನ ನಡುವೆ ಬರುವುದು ಪೂರ್ತಿ ಮೌನ.

ಬಳ್ಳಾರಿಯ ಪೇಟೆಗೆ ಯಾವ ಫಾರ್ಮ್ಯಾಟ್‌ಗಳು ಹೊಂದುತ್ತವೆ? ಬಳ್ಳಾರಿ 1953ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಹೀಗಾಗಿ ಕನ್ನಡದ ಜೊತೆ ತೆಲುಗು, ಉರ್ದು, ಲಂಬಾಣಿ ಇಲ್ಲಿನ ಮನೆಮಾತುಗಳು. ಕೌಲ್‌ಬಜಾರಿನ ಕಡೆ ಜೀನ್ಸ್ ಹೊಲಿಯುವ ಸಾಲುಗಳಲ್ಲಿ ಕಣ್ಣು ಕೈ ಎರಡೂ ಹೊಲಿಗೆಯಂತ್ರದ ಮೇಲಿರುವಾಗ ಬಿಡುವಾಗಿರುವುದು ಕಿವಿ ಮಾತ್ರ. ಅಲ್ಲಿನ ದುಡಿಮೆಗಾರರ ಮನೆಮಾತಿನಲ್ಲಿ ದಿನವಿಡೀ ಮಾತು ಹಾಡು ಬೆರೆತ ಒಂದು ವಾಹಿನಿ ಇದ್ದರೆ ಅದಕ್ಕೆ ಕೇಳುಗರ ಕೊರತೆಯಾಗದು. ಇದನ್ನೇ ಮುಖ್ಯ ವಾಹಿನಿಯಲ್ಲಿ ಮಾಡಹೊರಟರೆ ಕನ್ನಡ ಕೇಳುಗರ ಗಂಟೆಗಳನ್ನು ಕಿತ್ತುಕೊಳ್ಳಬೇಕಾಗುತ್ತದೆ.

ದೀರ್ಘ ಕಾರ್ಯಕ್ರಮಗಳ ಮಾತೂ ಹೀಗೆಯೇ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಹಾಡಿದ ಬುರ್ರಕಥೆಗಳು ಗಂಟೆಗಟ್ಟಲೆ, ರಾತ್ರಿಗಟ್ಟಲೆ ಸಾಗುವಂಥವು. ಅರ್ಧ ಗಂಟೆಯ ಚೌಕಟ್ಟಿಗೆ ಇಳಿಸಿದರೆ ಕಥೆಯ ಸಾರ ಸಿಗಬಹುದು, ಹಾಡುವವರ ಉಸಿರು, ಪುನರುಕ್ತಿ, ಜೊತೆಗಾರರ ಹೂಂಗುಡುವಿಕೆ ಸಿಗುವುದಿಲ್ಲ. ಬಯಲಾಟವೂ ಅಷ್ಟೇ. ಗಡಿಯಾರದ ಹಂಗಿಲ್ಲದ ಉಪವಾಹಿನಿಯೇ ಅದಕ್ಕೆ ಸರಿಯಾದ ಜಾಗ. ಆಕಾಶವಾಣಿ 2016ರ ಜನವರಿ 26ರಂದು ಬೆಂಗಳೂರಿನಿಂದ ಆರಂಭಿಸಿದ ರಾಗಂ ಎಂಬ ಶಾಸ್ತ್ರೀಯ ಸಂಗೀತದ 24 ಗಂಟೆಗಳ ವಾಹಿನಿ ಇದಕ್ಕೆ ಒಳ್ಳೆಯ ನಿದರ್ಶನ. ಡಿಟಿಎಚ್ ಮತ್ತು ಮೊಬೈಲ್ ಆ್ಯಪ್‌ಗಳಲ್ಲಿ ಸಿಗುವ ಅದನ್ನು ಇಲ್ಲಿನ ಉಪವಾಹಿನಿಯೊಂದರಲ್ಲಿ ಹರಿಸಿದರೆ, ಗದಗದ ಪುಣ್ಯಾಶ್ರಮದ ಪರಂಪರೆಯಲ್ಲಿ ಬೆಳೆದ ಈ ಭಾಗದ ಗಾಯಕರಿಗೂ ಕೇಳುಗರಿಗೂ ಡೇಟಾ ಖರ್ಚಿಲ್ಲದೆ ಸಂಗೀತ ಸಿಗುತ್ತದೆ.

ಇನ್ನು ಪಠ್ಯದ ವಾಹಿನಿ. ಡಿಆರ್‌ಎಂನಲ್ಲಿ ಜರ್ನಲೈನ್ ಎಂಬ ಸೇವೆಯಿದೆ. ರೇಡಿಯೊದ ಸಣ್ಣ ಪರದೆಯಲ್ಲಿ ವಿಷಯಗಳ ಪಟ್ಟಿ ಮೂಡುತ್ತದೆ; ಬೇಕಾದ ಸಾಲನ್ನು ಆರಿಸಿ ಒಳಗೆ ಹೋಗಿ ಓದಬಹುದು. ರಾಯಚೂರು ಮಾರುಕಟ್ಟೆಯ ಹತ್ತಿ, ತೊಗರಿ, ಸಿಂಧನೂರು ಮತ್ತು ಗಂಗಾವತಿಯ ಭತ್ತ, ಬಳ್ಳಾರಿಯ ರೈತರು ಕಾಯುವ ಬ್ಯಾಡಗಿಯ ಮೆಣಸಿನಕಾಯಿ ಧಾರಣೆ, ಎಡದಂಡೆ ಬಲದಂಡೆ ಕಾಲುವೆಗಳಿಗೆ ನೀರು ಬಿಡುವ ಸರದಿ, ಇವೆಲ್ಲ ಕೆಲವೇ ಸಾವಿರ ಅಕ್ಷರಗಳ ಮಾಹಿತಿ. ಕೆಲವೇ ಕಿಲೋಬಿಟ್ ವೇಗದಲ್ಲೂ ಅದನ್ನು ಮತ್ತೆ ಮತ್ತೆ ಕಳಿಸುತ್ತಿರಬಹುದು. ಧಾರಣೆ ಹೇಳುವ ಹೊತ್ತಿಗೆ ರೇಡಿಯೊ ಮುಂದೆ ಕೂರಬೇಕಾದ ಅಗತ್ಯ ಇರುವುದಿಲ್ಲ.

ಎಚ್ಚರಿಕೆಯ ವಿಷಯದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಲು ಇತರ ಗೇಟುಗಳನ್ನೂ ತೆರೆಯಬೇಕಾಯಿತು. ನದಿಪಾತ್ರದ ಜನರಿಗೆ ರಾತ್ರೋರಾತ್ರಿ ಎಚ್ಚರಿಕೆ ಕೊಡಬೇಕಾಯಿತು. ಡಿಆರ್‌ಎಂನ ತುರ್ತು ಎಚ್ಚರಿಕೆ ವ್ಯವಸ್ಥೆಯಲ್ಲಿ ಪ್ರಸಾರಕ ಒಂದು ಸೂಚನೆ ಕಳಿಸಿದರೆ, ಅದಕ್ಕೆ ಹೊಂದಿಕೊಂಡ ರೇಡಿಯೊ ತಾನು ನುಡಿಸುತ್ತಿದ್ದ ವಾಹಿನಿಯನ್ನು ಬಿಟ್ಟು ಎಚ್ಚರಿಕೆಯ ವಾಹಿನಿಗೆ ತಾನೇ ಹೊರಳುತ್ತದೆ. ಅದೇ ಸುದ್ದಿ ಹಲವು ಭಾಷೆಗಳ ಪಠ್ಯವಾಗಿಯೂ ಪರದೆಯ ಮೇಲೆ ಬರುತ್ತದೆ. ಮೊಬೈಲ್ ಗೋಪುರದ ಕರೆಂಟು ಹೋದರೂ ಪ್ರಸಾರಕ ನಡೆಯುತ್ತಿದ್ದರೆ ಇಷ್ಟು ಸಾಧ್ಯ.

ನೀತಿಯ ಹೆಜ್ಜೆ ಮಾತ್ರ ಬೇರೆ ದಿಕ್ಕಿನಿಂದ ಆರಂಭವಾಗಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2025ರ ಅಕ್ಟೋಬರಿನಲ್ಲಿ ಖಾಸಗಿ ಡಿಜಿಟಲ್ ರೇಡಿಯೊ ಕುರಿತು ಶಿಫಾರಸು ಮಾಡಿತು. ಒಂದು ಕಂಪನಾಂಕದಲ್ಲಿ ಒಂದು ಸಾಧಾರಣ ಎಫ್‌ಎಂ, ಮೂರು ಡಿಜಿಟಲ್ ಧ್ವನಿವಾಹಿನಿ, ಒಂದು ದತ್ತಾಂಶ ವಾಹಿನಿ ಇರಬೇಕೆಂದೂ ಇಡೀ ದೇಶಕ್ಕೆ ಒಂದೇ ತಾಂತ್ರಿಕ ಮಾನದಂಡ ಇರಬೇಕೆಂದೂ ಅದು ಹೇಳಿದೆ. ಎರಡೂ ಒಳ್ಳೆಯ ಸಲಹೆಗಳು. ಆದರೆ ಆರಂಭಕ್ಕೆ ಗುರುತಿಸಿರುವುದು ಬೆಂಗಳೂರು, ಹೈದರಾಬಾದ್ ಸೇರಿದಂತೆ 13 ದೊಡ್ಡ ನಗರಗಳನ್ನು. ಇದಕ್ಕೆ ಮುಂಚೆ, 2024ರ ಆಗಸ್ಟ್‌ನಲ್ಲಿ, ಕೇಂದ್ರ ಸಚಿವ ಸಂಪುಟ 234 ಹೊಸ ನಗರಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ನೀಡಿತ್ತು; ಬಳ್ಳಾರಿ, ರಾಯಚೂರುಗಳು ಆ ಪಟ್ಟಿಯಲ್ಲಿವೆ. ಹೊಸದಾಗಿ ಪ್ರಸಾರಕ ಕೂರಿಸುವ ಊರಿನಲ್ಲಿ ಮೊದಲ ದಿನದಿಂದಲೇ ಡಿಜಿಟಲ್‌ಗೆ ಹೊಂದುವ ಯಂತ್ರವನ್ನು ಹಾಕುವುದು, ಮುಂದೆ ಎಲ್ಲವನ್ನೂ ಕಿತ್ತು ಬದಲಿಸುವುದಕ್ಕಿಂತ ವಿವೇಕದ ಕೆಲಸ.

ಕೊನೆಗೆ ಉಳಿಯುವ ತೊಡಕು ರೇಡಿಯೊ ಪೆಟ್ಟಿಗೆಯದು. ದೇಶದಲ್ಲಿ ಲಕ್ಷಾಂತರ ಹೊಸ ಕಾರುಗಳು ಡಿಆರ್‌ಎಂ ಗ್ರಾಹಕದೊಂದಿಗೇ ಬಂದಿವೆ, ಆದರೆ ಹಮಾಲರ ಜೇಬಿನಲ್ಲಿ, ಹೊಲಿಗೆಯಂತ್ರದ ಪಕ್ಕದಲ್ಲಿ ಇರುವುದು ಸಾಧಾರಣ ಎಫ್‌ಎಂ ಪೆಟ್ಟಿಗೆ ಅಥವಾ ಮೊಬೈಲ್. ಅಮೆರಿಕದಲ್ಲಿ ಇದಕ್ಕೆ ಕಂಡುಕೊಂಡ ಉಪಾಯ ಇಲ್ಲಿಗೂ ಒಗ್ಗುತ್ತದೆ: ಉಪವಾಹಿನಿಯ ಕಾರ್ಯಕ್ರಮವನ್ನು ಸಣ್ಣ ಶಕ್ತಿಯ ಮರುಪ್ರಸಾರಕವೊಂದು ಹಿಡಿದು, ಬೇರೊಂದು ಕಂಪನಾಂಕದಲ್ಲಿ ಸಾಧಾರಣ ಎಫ್‌ಎಂ ಆಗಿ ಊರಿನೊಳಗೆ ಮಾತ್ರ ಹರಡುತ್ತದೆ. ದೊಡ್ಡ ನಗರಗಳಲ್ಲಿ ಅದಕ್ಕೆ ಖಾಲಿ ಕಂಪನಾಂಕ ಸಿಗುವುದು ಕಷ್ಟ, ಬಳ್ಳಾರಿಯಲ್ಲಿ ಕಷ್ಟವಿಲ್ಲ. ಡಿಜಿಟಲ್ ಪೆಟ್ಟಿಗೆಗಳ ಬೆಲೆ ಇಳಿಯುವವರೆಗೆ ಎರಡನೆಯ ವಾಹಿನಿಯ ತೆಲುಗು, ಉರ್ದು ಕಾರ್ಯಕ್ರಮಗಳೂ ರಾತ್ರಿಯಿಡೀ ಸಾಗುವ ಬುರ್ರಕಥೆಯೂ ಈಗ ಕೈಯಲ್ಲಿರುವ ಪೆಟ್ಟಿಗೆಗಳಲ್ಲೇ ಕೇಳಿಸಬಹುದು.