ಕುಕಿಗೆ ಒಪ್ಪಿಗೆ ಕೊಡುವ ಕೆಲಸ ಓದುಗರ ಪಾಲಿಗೆ ಬಂದ ಬಗೆ

ಹೊಸದೊಂದು ಜಾಲತಾಣವನ್ನು ತೆರೆದ ಕೂಡಲೇ ಪುಟದ ಮೇಲೆ ಆವರಿಸಿಕೊಳ್ಳುವ ಚೌಕವೊಂದು ಕುಕಿಗಳಿಗೆ ಒಪ್ಪಿಗೆ ಕೇಳುವುದು ಈಗ ದಿನನಿತ್ಯದ ಸಂಗತಿ. ಆ ಚೌಕದಲ್ಲಿ ಒತ್ತಿದ ಗುಂಡಿಗೂ ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿರುವ ಆಯ್ಕೆಗಳಿಗೂ ಏನು ಸಂಬಂಧ, ನಿರಾಕರಿಸಿದರೆ ನಿಜವಾಗಿ ಏನು ನಿಲ್ಲುತ್ತದೆ, ಅಳಿಸಿದ ಮೇಲೂ ಅದೇ ಪ್ರಶ್ನೆ ಏಕೆ ಮರಳಿ ಬರುತ್ತದೆ ಎಂಬ ಪ್ರಶ್ನೆಗಳಿಗೆ ಒಂದೇ ಮಾತಿನ ಉತ್ತರವಿಲ್ಲ. ತಂತ್ರಜ್ಞರು, ಜಾಹೀರಾತು ಉದ್ಯಮ ಮತ್ತು ಕಾನೂನು ರೂಪಿಸುವವರು ಮೂರು ದಶಕಗಳ ಕಾಲ ಬೇರೆ ಬೇರೆ ದಿಕ್ಕಿನಿಂದ ಎಳೆದಾಡಿದ್ದರ ಫಲವಾಗಿ ಈ ವ್ಯವಸ್ಥೆ ಇಂದಿನ ರೂಪಕ್ಕೆ ಬಂದಿದೆ.

ಜಾಲಪುಟಗಳು ಸಾಗುವ ಎಚ್‌ಟಿಟಿಪಿ ಎಂಬ ನಿಯಮಾವಳಿಗೆ ಹುಟ್ಟಿನಿಂದಲೂ ನೆನಪಿಲ್ಲ. ಒಂದು ಪುಟವನ್ನು ಕೇಳಿದವರೇ ಮರುಕ್ಷಣ ಇನ್ನೊಂದನ್ನು ಕೇಳಿದರೂ ಸರ್ವರ್‌ನ ಮಟ್ಟಿಗೆ ಅವರು ಅಪರಿಚಿತರೇ. ಓದುವುದಕ್ಕಷ್ಟೇ ಜಾಲವಿದ್ದ ದಿನಗಳಲ್ಲಿ ಇದು ಕೊರತೆಯೆನಿಸಿರಲಿಲ್ಲ. ಕೊಳ್ಳುವ ಕೊಡುವ ವ್ಯವಹಾರ ಶುರುವಾದಾಗ ತೊಡಕಾಯಿತು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಗ್ರಾಹಕ ಸಂಸ್ಥೆಯಾಗಿದ್ದ ಎಂಸಿಐಗೆ, ಖರೀದಿದಾರರು ಬುಟ್ಟಿಗೆ ಹಾಕಿಕೊಂಡ ವಸ್ತುಗಳ ಲೆಕ್ಕ ತನ್ನ ಸರ್ವರ್‌ಗಳ ಮೇಲೆ ಹೊರೆಯಾಗುವುದು ಬೇಡವಾಗಿತ್ತು. ನೆಟ್‌ಸ್ಕೇಪ್‌ನ ಲೂ ಮಾಂಟುಲ್ಲಿ ಅದಕ್ಕೆ ಕಂಡುಕೊಂಡ ಉಪಾಯವೇ ಕುಕಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೊರಬಂದ ನೆಟ್‌ಸ್ಕೇಪ್ ಬ್ರೌಸರ್‌ನ ಪ್ರಾಯೋಗಿಕ ಆವೃತ್ತಿಯಲ್ಲಿ ಅದು ಸೇರಿತ್ತು, ಮರುವರ್ಷ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೂ ಬಂತು. ಇದಾವುದನ್ನೂ ಬಳಕೆದಾರರಿಗೆ ತಿಳಿಸಿರಲಿಲ್ಲ.

ಕುಕಿ ಎಂದರೆ ಸುಮಾರು 4 ಕಿಲೋಬೈಟ್ ಮೀರದ ಅಕ್ಷರಗಳ ತುಣುಕು. ಸರ್ವರ್ ತನ್ನ ಉತ್ತರದ ಜೊತೆ ಅದನ್ನು ಕಳುಹಿಸುತ್ತದೆ, ಬ್ರೌಸರ್ ಇಟ್ಟುಕೊಳ್ಳುತ್ತದೆ, ಮುಂದೆ ಅದೇ ಸರ್ವರ್‌ಗೆ ಏನನ್ನು ಕೇಳುವಾಗಲೂ ಆ ತುಣುಕನ್ನು ಲಗತ್ತಿಸಿ ಕಳುಹಿಸುತ್ತದೆ. ಕುಕಿಯೊಳಗೆ ನಮ್ಮ ಜಾತಕವೆಲ್ಲ ಬರೆದಿರುತ್ತದೆಂಬ ಕಲ್ಪನೆ ಸಾಮಾನ್ಯವಾಗಿದ್ದರೂ, ಬಹುಪಾಲು ಕುಕಿಗಳಲ್ಲಿ ಇರುವುದು ಅರ್ಥವಾಗದ ಒಂದು ಗುರುತು ಸಂಖ್ಯೆಯಷ್ಟೇ. ಸಾಮಾನು ಇಡುವ ಕೊಠಡಿಯಲ್ಲಿ ನಮ್ಮ ಕೈಗೆ ಕೊಡುವ ಟೋಕನ್ ಇದ್ದಂತೆ; ಚೀಲವಿರುವುದು ಅವರ ಬಳಿ. ಲಾಗಿನ್ ಆದವರನ್ನು ಪುಟದಿಂದ ಪುಟಕ್ಕೆ ಗುರುತಿಸುವುದು, ಆರಿಸಿಕೊಂಡ ಭಾಷೆಯನ್ನು ನೆನಪಿಡುವುದು ಮುಂತಾದ ಕೆಲಸಗಳೆಲ್ಲ ಈ ಗುರುತಿನ ಮೇಲೆಯೇ ನಡೆಯುತ್ತವೆ. ಕೆಲವು ಕುಕಿಗಳು ಬ್ರೌಸರ್ ಮುಚ್ಚಿದೊಡನೆ ಹೋಗುತ್ತವೆ, ಮತ್ತೆ ಕೆಲವು ಸರ್ವರ್ ಗೊತ್ತುಪಡಿಸಿದ ದಿನಾಂಕದವರೆಗೆ ಉಳಿಯುತ್ತವೆ.

ಇಷ್ಟೇ ಆಗಿದ್ದರೆ ವಿವಾದಕ್ಕೆ ಎಡೆಯಿರಲಿಲ್ಲ. ಆದರೆ ಒಂದು ಪುಟದಲ್ಲಿ ಕಾಣುವ ಚಿತ್ರ, ಜಾಹೀರಾತು, ವಿಡಿಯೊ ಎಲ್ಲವೂ ಒಂದೇ ಸರ್ವರ್‌ನಿಂದ ಬರಬೇಕೆಂದಿಲ್ಲ. ಜಾಹೀರಾತನ್ನು ಬೇರೊಂದು ಕಂಪನಿಯ ಸರ್ವರ್ ಕಳುಹಿಸುತ್ತಿದ್ದರೆ, ಆ ಸರ್ವರ್ ಕೂಡ ತನ್ನ ಕುಕಿಯನ್ನು ಇಡಬಲ್ಲದು. ಇದೇ ಥರ್ಡ್ ಪಾರ್ಟಿ ಕುಕಿ. ಸಾವಿರಾರು ತಾಣಗಳಿಗೆ ಜಾಹೀರಾತು ಹಂಚುವ ಜಾಲಕ್ಕೆ, ಒಬ್ಬ ವ್ಯಕ್ತಿ ಬೆಳಿಗ್ಗೆ ಸುದ್ದಿ ಓದಿದ್ದು, ಮಧ್ಯಾಹ್ನ ಕಾಯಿಲೆಯೊಂದರ ಬಗ್ಗೆ ಹುಡುಕಿದ್ದು, ಸಂಜೆ ಸಾಲದ ಬಡ್ಡಿದರ ನೋಡಿದ್ದು ಎಲ್ಲವೂ ಒಂದೇ ಗುರುತಿನ ಕೆಳಗೆ ಸಿಗತೊಡಗಿತು. ಆ ವ್ಯಕ್ತಿ ಜಾಹೀರಾತು ಕಂಪನಿಯ ತಾಣಕ್ಕೆ ಒಮ್ಮೆಯೂ ಹೋಗಿರಬೇಕಿಲ್ಲ, ಅದರ ಹೆಸರನ್ನೂ ಕೇಳಿರಬೇಕಿಲ್ಲ.

ಈ ಅಪಾಯವನ್ನು ತಂತ್ರಜ್ಞರು ತಡವಾಗಿ ಕಂಡರು ಎಂಬ ಮಾತು ಆಗಾಗ ಕೇಳಿಬರುತ್ತದೆ. ದಾಖಲೆಗಳು ಹಾಗೆ ಹೇಳುವುದಿಲ್ಲ. ಅಂತರ್ಜಾಲದ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯಲ್ಲಿ 1995ರಲ್ಲೇ ಈ ಕುರಿತು ಚರ್ಚೆ ಶುರುವಾಗಿತ್ತು. ಬೆಲ್ ಲ್ಯಾಬ್ಸ್‌ನ ಡೇವಿಡ್ ಕ್ರಿಸ್ಟಲ್ ಬೇರೊಂದು ವಿಧಾನವನ್ನು ಮುಂದಿಟ್ಟಿದ್ದರು. ಆ ಹೊತ್ತಿಗಾಗಲೇ ನೆಟ್‌ಸ್ಕೇಪ್‌ನ ಕುಕಿ ಬಳಕೆಯಲ್ಲಿ ನೆಲೆಯೂರಿದ್ದರಿಂದ ಅದನ್ನೇ ತಳಹದಿಯಾಗಿಟ್ಟುಕೊಂಡು ತಿದ್ದುವುದು ವಾಸಿ ಎಂಬ ತೀರ್ಮಾನವಾಯಿತು. ಕ್ರಿಸ್ಟಲ್ ಮತ್ತು ಮಾಂಟುಲ್ಲಿ ಇಬ್ಬರೂ ಸೇರಿ ಕರಡು ಬರೆದರು. 1996ರ ಫೆಬ್ರವರಿಯಲ್ಲಿ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯ ವರದಿಯಿಂದ ಕುಕಿಯ ವಿಷಯ ಸಾರ್ವಜನಿಕರಿಗೆ ತಿಳಿಯುವ ವೇಳೆಗೆ, ಥರ್ಡ್ ಪಾರ್ಟಿ ಕುಕಿಯನ್ನು ಖಾಸಗಿತನಕ್ಕೆ ಬಂದ ಕುತ್ತೆಂದು ಈ ಗುಂಪು ಗುರುತಿಸಿಯಾಗಿತ್ತು.

ಐಇಟಿಎಫ್‌ನ ಈ ಚರ್ಚೆಯ ಫಲವಾಗಿ 1997ರ ಫೆಬ್ರವರಿಯಲ್ಲಿ ಪ್ರಕಟವಾದ ಆರ್‌ಎಫ್‌ಸಿ 2109 ಎಂಬ ದಾಖಲೆಯ ನಿಲುವು ಸ್ಪಷ್ಟವಾಗಿತ್ತು. ಬಳಕೆದಾರರು ತಾವಾಗಿ ತೆರೆಯದ ತಾಣದೊಂದಿಗೆ ಬ್ರೌಸರ್ ಕುಕಿ ವಿನಿಮಯ ಮಾಡಕೂಡದು. ಅಂಥದಕ್ಕೆ ಅವಕಾಶ ಕೊಡುವ ಆಯ್ಕೆ ಇಟ್ಟರೂ ಅದು ಮೊದಲಿಗೆ ಬಂದ್ ಆಗಿರಬೇಕು, ಬೇಕೆನಿಸಿದವರು ತೆರೆದುಕೊಳ್ಳಬೇಕು. ಇಡೀ ಪ್ರಕರಣದ ಜೀವ ಇರುವುದು ಈ ಕೊನೆಯ ಮಾತಿನಲ್ಲಿ. ಆಯ್ಕೆಯೊಂದು ಮೊದಲೇ ಯಾವ ಸ್ಥಿತಿಯಲ್ಲಿರುತ್ತದೋ ಅದೇ ಸ್ಥಿತಿಯಲ್ಲಿ ಬಹುತೇಕ ಜನ ಅದನ್ನು ಬಿಟ್ಟಿರುತ್ತಾರೆ. ಹಾಗಾಗಿ ಡಿಫಾಲ್ಟ್ ಎಂದರೆ ಹೆಚ್ಚುಕಡಿಮೆ ತೀರ್ಪೇ. ಜಾಹೀರಾತು ಜಾಲಗಳು ತಮ್ಮ ವ್ಯಾಪಾರಕ್ಕೆ ಧಕ್ಕೆಯೆಂದು ಆಕ್ಷೇಪಿಸಿದವು. ಆ ಕಾಲದ ಎರಡು ಪ್ರಮುಖ ಬ್ರೌಸರ್‌ಗಳೂ ಥರ್ಡ್ ಪಾರ್ಟಿ ಕುಕಿಯನ್ನು ಮೊದಲಿನಂತೆ ಬಿಟ್ಟುಕೊಂಡವು. 2000ದಲ್ಲಿ ಬಂದ ಪರಿಷ್ಕೃತ ದಾಖಲೆ ಆರ್‌ಎಫ್‌ಸಿ 2965 ಕೂಡ ಬಳಕೆಗೆ ಬರದೆ ಉಳಿಯಿತು. 2011ರ ಆರ್‌ಎಫ್‌ಸಿ 6265 ಹೊರಟಿದ್ದು ಬೇರೆ ದಾರಿಯಲ್ಲಿ: ಬ್ರೌಸರ್‌ಗಳು ಹೇಗೆ ನಡೆದುಕೊಳ್ಳಬೇಕೆಂದು ವಿಧಿಸುವುದಕ್ಕಿಂತ ಅವು ನಿಜವಾಗಿ ಹೇಗೆ ನಡೆದುಕೊಳ್ಳುತ್ತಿವೆ ಎಂಬುದನ್ನು ಅದು ದಾಖಲಿಸಿತು, ಥರ್ಡ್ ಪಾರ್ಟಿ ಕುಕಿಯ ವಿಷಯವನ್ನು ಬ್ರೌಸರ್ ತಯಾರಕರ ವಿವೇಚನೆಗೇ ಬಿಟ್ಟಿತು. ಸೋತವರು ಯಾರು ಎಂದು ಆ ದಾಖಲೆಯಲ್ಲಿ ಬರೆದಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಬ್ರೌಸರ್‌ನಲ್ಲಿ ಬಗೆಹರಿಯದ ಪ್ರಶ್ನೆ ಕಾನೂನಿನ ಅಂಗಳಕ್ಕೆ ಬಂತು. ಐರೋಪ್ಯ ಒಕ್ಕೂಟದ 2002ರ ನಿರ್ದೇಶನವು ಕುಕಿಯ ಬಗ್ಗೆ ಮಾಹಿತಿ ಕೊಟ್ಟು ನಿರಾಕರಿಸುವ ಅವಕಾಶ ಕೊಡಬೇಕೆಂದಿತು, 2009ರ ತಿದ್ದುಪಡಿ ಮೊದಲೇ ಸಮ್ಮತಿ ಪಡೆಯಬೇಕೆಂದಿತು, 2018ರ ಮೇ 25ರಿಂದ ಅನ್ವಯವಾದ ಜಿಡಿಪಿಆರ್ ಎಂಬ ದತ್ತಾಂಶ ರಕ್ಷಣಾ ನಿಯಮಾವಳಿಯು ಸಮ್ಮತಿ ಎಂದರೆ ಏನೆಂಬುದನ್ನು ಬಿಗಿಗೊಳಿಸಿತು. ಮೊದಲೇ ಗುರುತು ಹಾಕಿಟ್ಟ ಚೌಕ ಸಮ್ಮತಿಯಾಗದೆಂದು ಒಕ್ಕೂಟದ ನ್ಯಾಯಾಲಯ 2019ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. ಒಪ್ಪುವುದು ಒಂದೇ ಒತ್ತಿಗೆ, ನಿರಾಕರಿಸುವುದು ಹಲವು ಒತ್ತುಗಳಿಗೆ ಎಂಬಂಥ ವಿನ್ಯಾಸ ಮಾಡಿದ್ದಕ್ಕಾಗಿ ಫ್ರಾನ್ಸ್‌ನ ನಿಯಂತ್ರಣ ಸಂಸ್ಥೆ ಸಿಎನ್‌ಐಎಲ್ 2022ರ ಜನವರಿಯಲ್ಲಿ ಎರಡು ದೊಡ್ಡ ಕಂಪನಿಗಳಿಗೆ ಒಟ್ಟು 21 ಕೋಟಿ ಯೂರೋ ದಂಡ ಪ್ರಕಟಿಸಿತು. ಈಗ ಎಷ್ಟೋ ತಾಣಗಳಲ್ಲಿ ಎರಡೂ ಗುಂಡಿಗಳು ಅಕ್ಕಪಕ್ಕ ಕಾಣುವುದರ ಹಿಂದೆ ಇಂಥ ಆದೇಶಗಳಿವೆ.

ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಅಂಶವಿದೆ. ಬಳಕೆದಾರರು ಕೇಳಿದ ಸೇವೆಯನ್ನು ಕೊಡಲು ಅನಿವಾರ್ಯವಾದ ಕುಕಿಗಳಿಗೆ, ಅಂದರೆ ಲಾಗಿನ್ ಅಥವಾ ಖರೀದಿ ಬುಟ್ಟಿಗೆ ಬೇಕಾದವುಗಳಿಗೆ, ಈ ಕಾನೂನಿನಡಿ ಸಮ್ಮತಿ ಬೇಕಿಲ್ಲ. ಅಂಥವನ್ನಷ್ಟೇ ಬಳಸುವ ತಾಣ ಒಪ್ಪಿಗೆಯ ಚೌಕವನ್ನು ತೋರಿಸಬೇಕಾಗಿಯೇ ಇಲ್ಲ. ಆದ್ದರಿಂದ ಆ ಚೌಕಗಳ ಕಾಟವನ್ನು ಕಾನೂನಿನ ತಲೆಗೆ ಕಟ್ಟುವುದು ಪೂರ್ತಿ ಸರಿಯಲ್ಲ. ಅದಕ್ಕಿಂತ ಹೆಚ್ಚಿನದನ್ನು ತಿಳಿಯಬೇಕೆಂದು ತಾಣವು ಬಯಸಿದ್ದರಿಂದಲೇ ಆ ಪ್ರಶ್ನೆ ಎದುರಾಗುತ್ತದೆ.

ಪ್ರತಿ ತಾಣದಲ್ಲೂ ಉತ್ತರಿಸುವುದಕ್ಕಿಂತ ಬ್ರೌಸರೇ ಒಮ್ಮೆ ಎಲ್ಲರಿಗೂ ಬೇಡವೆಂದು ಹೇಳಲಿ ಎಂಬ ಪ್ರಯತ್ನವೂ ನಡೆಯಿತು. ‘ಡು ನಾಟ್ ಟ್ರ್ಯಾಕ್’ ಎಂಬ ಆ ಸಂಕೇತವನ್ನು ಪಾಲಿಸಲೇಬೇಕೆಂಬ ಕಟ್ಟಳೆ ಇರಲಿಲ್ಲ, ಹಾಗಾಗಿ ಹೆಚ್ಚಿನ ತಾಣಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದನ್ನು ರೂಪಿಸುತ್ತಿದ್ದ ಕಾರ್ಯತಂಡ 2019ರಲ್ಲಿ ಬಾಗಿಲು ಮುಚ್ಚಿತು. ಅದರ ಜಾಗಕ್ಕೆ 2020ರಲ್ಲಿ ಬಂದ ‘ಗ್ಲೋಬಲ್ ಪ್ರೈವೆಸಿ ಕಂಟ್ರೋಲ್’ ಸಂಕೇತಕ್ಕೆ ಕ್ಯಾಲಿಫೋರ್ನಿಯಾದಂಥ ಕಡೆ ಕಾನೂನಿನ ಬಲವಿದೆ.

ಇತ್ತ ಬ್ರೌಸರ್‌ಗಳಲ್ಲಿ 1997ರ ಸಲಹೆ ಕಂತುಗಳಲ್ಲಿ ಜಾರಿಯಾಗುತ್ತ ಬಂತು. ಸಫಾರಿ 2020ರ ಮಾರ್ಚ್‌ನಿಂದ ಥರ್ಡ್ ಪಾರ್ಟಿ ಕುಕಿಗಳನ್ನು ಪೂರ್ತಿಯಾಗಿ ತಡೆಯಿತು. ಫೈರ್‌ಫಾಕ್ಸ್ 2022ರಿಂದ ಪ್ರತಿ ತಾಣದ ಕುಕಿಗಳಿಗೂ ಬೇರೆ ಬೇರೆ ಡಬ್ಬಿ ಮಾಡಿ, ಒಂದು ಕಡೆಯ ಗುರುತು ಇನ್ನೊಂದು ಕಡೆ ಕಾಣದಂತೆ ಮಾಡಿತು. ಅತಿ ಹೆಚ್ಚು ಬಳಕೆಯಲ್ಲಿರುವ ಕ್ರೋಮ್ ಕೂಡ ಎರಡು ವರ್ಷಗಳೊಳಗೆ ಅವುಗಳನ್ನು ಕೈಬಿಡುವುದಾಗಿ 2020ರ ಜನವರಿಯಲ್ಲಿ ಘೋಷಿಸಿ, ಗಡುವನ್ನು ಮೂರು ಸಲ ಮುಂದಕ್ಕೆ ಹಾಕಿ, 2024ರ ಜುಲೈನಲ್ಲಿ ಯೋಜನೆಯನ್ನೇ ಬದಲಿಸಿ, ಆಯ್ಕೆಯನ್ನು ಬಳಕೆದಾರರಿಗೇ ಬಿಡುವುದಾಗಿ ಹೇಳಿತು. ಆಯ್ಕೆ ಕೇಳುವ ಪ್ರತ್ಯೇಕ ಸೂಚನೆಯನ್ನೂ ತರುವುದಿಲ್ಲವೆಂದು 2025ರ ಏಪ್ರಿಲ್‌ನಲ್ಲಿ ತಿಳಿಸಿತು. ಕುಕಿ ಹೋದರೆ ತಮ್ಮದೇ ದತ್ತಾಂಶವಿರುವ ದೊಡ್ಡವರಿಗಷ್ಟೇ ಲಾಭ ಎಂದು ಚಿಕ್ಕ ಜಾಹೀರಾತು ಕಂಪನಿಗಳು ತಕರಾರು ಎತ್ತಿದ್ದವು, ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಈ ಯೋಜನೆಯ ಮೇಲೆ ಕಣ್ಣಿಟ್ಟಿತ್ತು. ಖಾಸಗಿತನ ಮತ್ತು ಸ್ಪರ್ಧೆ ಎಂಬ ಎರಡು ಒಳ್ಳೆಯ ಉದ್ದೇಶಗಳು ಹೀಗೆ ಪರಸ್ಪರ ಅಡ್ಡ ಬಂದದ್ದು ವಿಚಿತ್ರವೆನಿಸಿದರೂ ನಿಜ.

ಹೀಗಿರುವಾಗ ಓದುಗರ ಕೈಯಲ್ಲಿ ಉಳಿದಿರುವ ಹಿಡಿತ ಸಣ್ಣದೇನಲ್ಲ, ಆದರೆ ಅದನ್ನು ಅವರೇ ಹುಡುಕಿಕೊಳ್ಳಬೇಕು. ಕ್ರೋಮ್ ಬಳಸುವವರು ಸೆಟ್ಟಿಂಗ್ಸ್‌ನ ಖಾಸಗಿತನ ವಿಭಾಗದಲ್ಲಿ ಥರ್ಡ್ ಪಾರ್ಟಿ ಕುಕಿಗಳನ್ನು ತಾವೇ ತಡೆಯಬಹುದು. ಇದರಿಂದ ತಾಣಗಳು ಕೆಡುವುದು ಅಪರೂಪ, ಕೆಟ್ಟರೆ ಆ ಒಂದು ತಾಣಕ್ಕೆ ಮಾತ್ರ ವಿನಾಯಿತಿ ಕೊಡಬಹುದು. ಎಲ್ಲ ಕುಕಿಗಳನ್ನೂ ತಡೆದರೆ ಲಾಗಿನ್ ಆಗುವುದೇ ಕಷ್ಟವಾದ್ದರಿಂದ ಅದು ವ್ಯವಹಾರಕ್ಕೆ ಒಗ್ಗುವ ದಾರಿಯಲ್ಲ. ಬ್ರೌಸರ್‌ನಲ್ಲಿ ಉಳಿದಿರುವ ಕುಕಿಗಳನ್ನು ಒಟ್ಟಿಗೆ ಅಥವಾ ತಾಣವಾರು ಅಳಿಸಬಹುದು. ಖಾಸಗಿ ಕಿಟಕಿಯಲ್ಲಿ ತೆರೆದರೆ, ಅದನ್ನು ಮುಚ್ಚಿದಾಗ ಅವು ತಾವಾಗಿ ಹೋಗುತ್ತವೆ. ಒಪ್ಪಿಗೆಯ ಚೌಕದಲ್ಲಿ ಬೇಡವೆಂದದ್ದನ್ನು ತಾಣವು ನೆನಪಿಡುವುದು ಸಾಮಾನ್ಯವಾಗಿ ಇನ್ನೊಂದು ಕುಕಿಯಲ್ಲೇ. ಆದ್ದರಿಂದ ಕುಕಿಗಳನ್ನು ಶ್ರದ್ಧೆಯಿಂದ ಅಳಿಸುವವರಿಗೇ ಅದೇ ಪ್ರಶ್ನೆ ಪದೇ ಪದೇ ಎದುರಾಗುತ್ತದೆ.

ಬ್ರೌಸರ್‌ನಲ್ಲಿ ಕುಕಿಯನ್ನು ಅಳಿಸಿದಾಗ ಹೋಗುವುದು ಗುರುತು ಮಾತ್ರ, ಸರ್ವರ್‌ನಲ್ಲಿ ಈಗಾಗಲೇ ಸೇರಿದ ದಾಖಲೆಯಲ್ಲ. ಪರದೆಯ ಅಳತೆ, ಅಕ್ಷರ ಶೈಲಿಗಳು, ಸಾಧನದ ಇತರ ಲಕ್ಷಣಗಳನ್ನು ಕೂಡಿಸಿ ಗುರುತು ಹಿಡಿಯುವ ಫಿಂಗರ್‌ಪ್ರಿಂಟಿಂಗ್ ವಿಧಾನಕ್ಕೆ ಅಳಿಸಬಹುದಾದ ಯಾವ ತುಣುಕೂ ಬೇಕಿಲ್ಲ. ಇಮೇಲ್ ವಿಳಾಸ ಕೊಟ್ಟು ಲಾಗಿನ್ ಆದವರಿಗೆ ಆ ವಿಳಾಸವೇ ಗುರುತು. ಐರೋಪ್ಯ ಒಕ್ಕೂಟದಲ್ಲಿ ಇವನ್ನೆಲ್ಲ ಒಳಗೊಳ್ಳಬೇಕಿದ್ದ ಹೊಸ ನಿಯಮಾವಳಿಯ ಪ್ರಸ್ತಾವ 2017ರ ಜನವರಿಯಲ್ಲಿ ಮಂಡನೆಯಾಗಿ, ಎಂಟು ವರ್ಷ ಚರ್ಚೆಯಲ್ಲೇ ಉಳಿಯಿತು. ಒಮ್ಮತ ಸಿಗುವ ಸೂಚನೆ ಇಲ್ಲವೆಂದು ಹೇಳಿದ ಐರೋಪ್ಯ ಆಯೋಗ, ಅದನ್ನು ಹಿಂತೆಗೆದುಕೊಳ್ಳುವ ನಿರ್ಧಾರವನ್ನು 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು.