ಮೈಕ್ ಅದೇ, ಬಾಯಿ ಬೇರೆ

ನನ್ನ ಮೊದಲ ಡಬ್ಬಿಂಗ್ ಕೆಲಸದಲ್ಲಿ ನನಗೆ ಸಿಕ್ಕ ಮಾತು ಒಂದೇ ಒಂದು. "ಹೂಂ."

ಬೆಂಗಳೂರಿನ ನಾಗರಬಾವಿಯ ಒಂದು ಸಣ್ಣ ಸ್ಟುಡಿಯೊ. ಹಿಂದಿಯಿಂದ ಬರುತ್ತಿದ್ದ ಧಾರಾವಾಹಿ. ಪರದೆಯ ಮೇಲೆ ಅತ್ತೆ ಅಕ್ಕಿ ಆರಿಸುತ್ತಾ ಕೂತಿದ್ದಾಳೆ. ಸೊಸೆ ಏನೋ ಹೇಳುತ್ತಾಳೆ. ಅತ್ತೆ ತಲೆ ಎತ್ತದೆ "ಹೂಂ" ಅನ್ನುತ್ತಾಳೆ. ಅಷ್ಟೇ. ನಾನು ಹನ್ನೊಂದು ವರ್ಷ ಎಫ್‌ಎಂ ರೇಡಿಯೊದಲ್ಲಿ ಬೆಳಗಿನ ಶೋ ಮಾಡಿದವಳು. ದಿನಾ ನಾಲ್ಕು ಗಂಟೆ ಪಟಪಟ ಮಾತಾಡಿದ ಬಾಯಿ ಇದು. ಆ ಒಂದು "ಹೂಂ"ಗೆ ಹದಿನಾಲ್ಕು ಟೇಕ್ ಆಯಿತು. ಗಾಜಿನ ಆಚೆ ಕೂತಿದ್ದ ಎಂಜಿನಿಯರ್ ಹುಡುಗ ಕೊನೆಗೆ ಟಾಕ್‌ಬ್ಯಾಕ್ ಒತ್ತಿ ಹೇಳಿದ: "ಮೇಡಂ, ನೀವು ಹೂಂ ಅಂದ್ರೆ ಮುಂದೆ ಹಾಡು ಬರುತ್ತೆ ಅನ್ಸುತ್ತೆ."

ರೇಡಿಯೊ ಬಿಟ್ಟು ವಾಯ್ಸ್ ಆಕ್ಟಿಂಗ್‌ಗೆ ಬರಬೇಕು ಅಂತ ತಿಂಗಳಿಗೆ ಒಬ್ಬಿಬ್ಬರು ಆರ್‌ಜೆಗಳು ಫೋನ್ ಮಾಡುತ್ತಾರೆ. ಎಲ್ಲರ ಮೊದಲ ಪ್ರಶ್ನೆ, ಯಾವ ಮೈಕ್ ಕೊಳ್ಳಲಿ? ನಾನು ಮೈಕ್ ವಿಷಯ ಬಿಟ್ಟು ಈ "ಹೂಂ" ಕಥೆ ಹೇಳುತ್ತೇನೆ.

ಎಫ್‌ಎಂನಲ್ಲಿ ಮೌನ ಅಂದರೆ ಅಪಘಾತ. ಎರಡು ಸೆಕೆಂಡ್ ಸದ್ದಿಲ್ಲದಿದ್ದರೆ ಕೇಳುಗ ಬಟನ್ ಒತ್ತಿ ಪಕ್ಕದ ಸ್ಟೇಷನ್‌ಗೆ ಹೋಗಿರುತ್ತಾನೆ. ಹಾಡಿನ ಆರಂಭದ ಸಂಗೀತದ ಮೇಲೆ ಮಾತಾಡುತ್ತಾ, ಹಾಡುಗಾರನ ದನಿ ಶುರುವಾಗುವ ಸರಿಯಾದ ಕ್ಷಣಕ್ಕೆ ಮಾತು ನಿಲ್ಲಿಸುವುದೇ ನಮ್ಮ ಕೈಚಳಕ. ಪ್ರತಿ ಲಿಂಕ್‌ನಲ್ಲೂ, ಅಂದರೆ ಹಾಡುಗಳ ನಡುವಿನ ಮಾತಿನಲ್ಲೂ, ಮುಖದಲ್ಲಿ ನಗು ಇಟ್ಟುಕೊಂಡೇ ಮಾತಾಡಬೇಕು, ಆ ನಗು ದನಿಯಲ್ಲಿ ಕೇಳಿಸುತ್ತದೆ. ಹನ್ನೊಂದು ವರ್ಷ ಇದನ್ನೇ ಮಾಡಿದರೆ "ಅಪ್ಪ ಹೋಗಿಬಿಟ್ರು" ಅನ್ನುವ ಮಾತಿನಲ್ಲೂ ಎಲ್ಲೋ ಒಂದು ನಗು ಉಳಿದುಬಿಡುತ್ತೆ. ಸುಮ್ನೆ ಹೇಳುತ್ತಿಲ್ಲ. ನನ್ನ ಒಂದು ಸಾವಿನ ದೃಶ್ಯವನ್ನು ಇದೇ ಕಾರಣಕ್ಕೆ ಬೇರೆಯವರಿಂದ ಮತ್ತೆ ಮಾಡಿಸಿದರು.

ಇನ್ನೊಂದು ಸತ್ಯ ಸ್ವಲ್ಪ ಕಹಿ. ರೇಡಿಯೊದಲ್ಲಿ ಕೇಳುವ ನಮ್ಮ ದನಿ ಪೂರ್ತಿ ನಮ್ಮದಲ್ಲ. ಟ್ರಾನ್ಸ್‌ಮಿಟರ್‌ಗೆ ಹೋಗುವ ಮೊದಲು ಅದು ಪ್ರೊಸೆಸರ್ ಮೂಲಕ ಹಾದು ಹೋಗುತ್ತದೆ. ಅದು ಸಣ್ಣ ದನಿಯನ್ನು ಎತ್ತುತ್ತದೆ, ಜೋರು ದನಿಯನ್ನು ಒತ್ತುತ್ತದೆ, ಎಲ್ಲವನ್ನೂ ಗಟ್ಟಿ ಮಾಡುತ್ತದೆ. ಜೊತೆಗೆ ನಾವು ಮೈಕ್‌ಗೆ ಬಾಯಿ ತಾಗಿಸಿಯೇ ಮಾತಾಡುತ್ತೇವೆ. ನಾವು ಬಳಸುವಂಥ ಮೈಕ್‌ಗೆ ಹತ್ತಿರ ಹೋದಷ್ಟೂ ಬೇಸ್ ಜಾಸ್ತಿ, ದನಿ ದಪ್ಪಗೆ ಕೇಳುತ್ತದೆ. ಡಬ್ಬಿಂಗ್ ಕೋಣೆಯಲ್ಲಿ ಒಂದು ಗೇಣು ದೂರ ನಿಲ್ಲಿಸುತ್ತಾರೆ. ಪಾತ್ರ ಅಂಗಳದ ಆಚೆಯಿಂದ ಕೂಗುತ್ತಿದ್ದರೆ ಇನ್ನೂ ಹಿಂದೆ. ಹೆಡ್‌ಫೋನ್‌ನಲ್ಲಿ ಮೊದಲ ಸಲ ನನ್ನ ಬರೀ ದನಿ ಕೇಳಿದಾಗ ಯಾರೋ ನೆಗಡಿಯಾದ ಹುಡುಗಿ ಅನ್ನಿಸಿತ್ತು. ಎರಡು ದಿನ ಬೇಜಾರಿನಲ್ಲಿದ್ದೆ.

ರೇಡಿಯೊದಿಂದ ಡಬ್ಬಿಂಗ್‌ಗೆ ಹೋಗುವ ಈ ದಾರಿ ಇಷ್ಟು ತಡವಾಗಿ ತೆರೆದದ್ದಕ್ಕೂ ಕಾರಣವಿದೆ. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. ಆರ್‌ಜೆಗಳ ಒಂದು ತಲೆಮಾರು ಇಲ್ಲಿ ಬೆಳೆಯಿತು. ಆದರೆ ಡಬ್ಬಿಂಗ್ ಚಿತ್ರಗಳಿಗೆ ಕನ್ನಡದಲ್ಲಿ ದಶಕಗಳ ವಿರೋಧವಿತ್ತು. ನಮಗೆ ಸಿಗುತ್ತಿದ್ದದ್ದು ಜಾಹೀರಾತು, ಸಾಕ್ಷ್ಯಚಿತ್ರ, ಜೊತೆಗೆ ಕನ್ನಡ ಬಾರದ ನಾಯಕಿಯರಿಗೆ ದನಿ ಕೊಡುವ ಕೆಲಸ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದಿತು. ಆಮೇಲೂ ಕೆಲಸ ನಿಧಾನವಾಗಿಯೇ ಬಂತು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಿತು, ಚಾನೆಲ್‌ಗಳಿಗೆ ತೋರಿಸಲು ಏನೂ ಇರಲಿಲ್ಲ. ಆಗ ಹಿಂದಿಯ ಪೌರಾಣಿಕ ಧಾರಾವಾಹಿಗಳು ಸಾಲಾಗಿ ಕನ್ನಡಕ್ಕೆ ಬಂದವು. ನಾನು ರೇಡಿಯೊ ಕೆಲಸ ಬಿಟ್ಟದ್ದೂ ಆ ವರ್ಷವೇ. ಡಬ್ಬಿಂಗ್ ಬಂದರೆ ಇಲ್ಲಿನ ಕಲಾವಿದರ ಕೆಲಸ ಹೋಗುತ್ತದೆ ಅನ್ನುವ ವಿರೋಧಿಗಳ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ನನ್ನ ಅನ್ನ ಅಲ್ಲಿದೆ, ಹಾಗಾಗಿ ತೀರ್ಪು ಕೊಡಲು ನಾನು ಸರಿಯಾದವಳಲ್ಲ.

ಈಗ ಬಾಯಿಯ ವಿಷಯಕ್ಕೆ ಬರೋಣ. ಡಬ್ಬಿಂಗ್‌ನಲ್ಲಿ ದನಿಗಿಂತ ಮೊದಲು ಬೇಕಾದದ್ದು ಕಣ್ಣು. ಪ, ಬ, ಮ. ಈ ಮೂರು ಅಕ್ಷರಕ್ಕೆ ತುಟಿ ಮುಚ್ಚಲೇಬೇಕು. ಪರದೆಯಲ್ಲಿ ನಟನ ತುಟಿ ಮುಚ್ಚಿದ ಕಡೆ ನಮ್ಮ ಮಾತಿನಲ್ಲೂ ಇವುಗಳಲ್ಲಿ ಒಂದು ಬೀಳಬೇಕು. ಟಿವಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಚಿತ್ರ. ನಾಲ್ಕೈದು ಫ್ರೇಮ್ ಆಚೀಚೆ ಆದರೂ ನೋಡುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತೆ.

ಒಂದು ಉದಾಹರಣೆ. ಅಪ್ಪ ಮಗಳ ಮುಂದೆ ನಿಂತು "ಮುಝೆ ಮಾಫ್ ಕರ್ ದೋ" ಅನ್ನುತ್ತಾನೆ. ಕ್ಲೋಸಪ್. ಸ್ಕ್ರಿಪ್ಟ್‌ನಲ್ಲಿ "ನನ್ನನ್ನು ಕ್ಷಮಿಸು" ಅಂತ ಬರೆದು ಕಳಿಸಿದ್ದರು. ಅರ್ಥ ಸರಿ. ಆದರೆ ಹಿಂದಿಯಲ್ಲಿ ಮೊದಲ ಅಕ್ಷರಕ್ಕೇ ತುಟಿ ಮುಚ್ಚುತ್ತದೆ, ಮೂರನೆಯದಕ್ಕೆ ಮತ್ತೆ ಮುಚ್ಚುತ್ತದೆ, ಕೊನೆಯ "ದೋ"ಗೆ ದುಂಡಗಾಗುತ್ತದೆ. "ನನ್ನನ್ನು ಕ್ಷಮಿಸು" ಅಂದರೆ ತುಟಿ ಮುಚ್ಚುವುದು ಒಂದೇ ಸಲ, ಅದೂ ಕೊನೆಗೆ. ಅಪ್ಪನ ಬಾಯಿ ಒಂದು ಹೇಳುತ್ತದೆ, ನಮ್ಮ ದನಿ ಇನ್ನೊಂದು. ಆ ಪಾತ್ರ ಮಾಡುತ್ತಿದ್ದ ಹಿರಿಯ ರಂಗಕಲಾವಿದರು ಸ್ವಲ್ಪ ಹೊತ್ತು ಪರದೆ ನೋಡಿದರು. ಆಮೇಲೆ "ಮಗ್ಳೇ, ಮನ್ನಿಸು" ಅಂದರು. ಎಣಿಸಿ ನೋಡಿ. ಮಗ್, ಳೇ, ಮನ್, ನಿ, ಸು. ಮುಝೆ ಮಾಫ್ ಕರ್ ದೋ ಕೂಡ ಐದೇ. ತುಟಿ ಒಂದನೆಯದಕ್ಕೂ ಮೂರನೆಯದಕ್ಕೂ ಮುಚ್ಚುತ್ತದೆ, ಕೊನೆಯ "ಸು"ಗೆ ದುಂಡಗಾಗುತ್ತದೆ. ಒಂದೇ ಟೇಕ್. ಮೂಲೆಯಲ್ಲಿ ಕೂತಿದ್ದ ನಾನು ಬಾಯಿ ಬಿಟ್ಟು ನೋಡಿದೆ.

ಮನೆಯಲ್ಲಿ ಯಾವ ಅಪ್ಪನೂ "ಮನ್ನಿಸು" ಅನ್ನುವುದಿಲ್ಲ, ನಿಜ. ರಾಜಮಹಾರಾಜರ ಕಾಲದ ಕಥೆಯಾದ್ದರಿಂದ ಅಲ್ಲಿ ನಡೆಯಿತು. ಇವತ್ತಿನ ಸಂಸಾರದ ಕಥೆಯಾಗಿದ್ದು ಕ್ಯಾಮೆರಾ ಅಪ್ಪನ ಬೆನ್ನ ಹಿಂದೆ ಇದ್ದಿದ್ದರೆ "ತಪ್ಪಾಯ್ತು ಕಣಮ್ಮ" ಅಂದರೇ ಚೆಂದ. ಮುಖ ಕಾಣದಿದ್ದಾಗ ಕನ್ನಡಕ್ಕೆ ಪೂರ್ತಿ ಸ್ವಾತಂತ್ರ್ಯ. ನಮ್ಮ ಭಾಷೆಗೆ ಇನ್ನೊಂದು ತೊಂದರೆ ಉಂಟು. ನಮ್ಮ ಹೆಚ್ಚಿನ ಮಾತುಗಳು ಸ್ವರದಲ್ಲಿ ಮುಗಿಯುತ್ತವೆ. ಹಿಂದಿಯ ನಟ "ಬಸ್" ಅಂತ ಬಾಯಿ ಕಟ್ಟಿ ನಿಂತಿರುತ್ತಾನೆ, ನಮ್ಮ "ಸಾಕು" ಇನ್ನೂ ಎಳೆಯುತ್ತಿರುತ್ತದೆ. "ಹೋಗುತ್ತಿದ್ದೇನೆ" ಅನ್ನುವಷ್ಟರಲ್ಲಿ ಪಾತ್ರ ಬಾಗಿಲು ದಾಟಿರುತ್ತದೆ. "ಹೋಗ್ತಿದೀನಿ" ಅಂದರೆ ಹೇಗೋ ಹಿಡಿಸುತ್ತದೆ. ಗ್ರಂಥದ ಕನ್ನಡ ಯಾಕೆ ಬಳಸುವುದಿಲ್ಲ ಅಂತ ಬೈಯುವವರಿಗೆ ಇದೂ ಒಂದು ಉತ್ತರ.

ಹಾಗಂತ ಎಲ್ಲ ಕೆಲಸವೂ ನಟನೆಯಲ್ಲ. ಐವಿಆರ್ (ಕಂಪನಿಗೆ ಫೋನ್ ಮಾಡಿದಾಗ ಕೇಳುವ ರೆಕಾರ್ಡ್ ಮಾಡಿದ ದನಿ), ಪ್ರಕಟಣೆ, ಪಾಠದ ವಿಡಿಯೊ, ಆಡಿಯೊಬುಕ್. ಇಲ್ಲಿ ಆರ್‌ಜೆಯ ತುಂಟತನಕ್ಕೆ ಜಾಗವಿಲ್ಲ, ಸತ್ತ ದನಿಯೂ ನಡೆಯದು. ಇದಕ್ಕೆ ನಾನು ಕಿವಿ ಕೊಟ್ಟು ಕಲಿತದ್ದು ಮೆಟ್ರೊದಲ್ಲಿ. ನಮ್ಮ ಮೆಟ್ರೊದಲ್ಲಿ ವರ್ಷಗಟ್ಟಲೆ ಕೇಳಿದ ಕನ್ನಡ ದನಿ ಅಪರ್ಣಾ ಅವರದು. ರೇಡಿಯೊ, ಟಿವಿ, ವೇದಿಕೆ ಎಲ್ಲವನ್ನೂ ಕಂಡಿದ್ದ ನಿರೂಪಕಿ. 2024ರ ಜುಲೈನಲ್ಲಿ ತೀರಿಕೊಂಡರು. "ಮುಂದಿನ ನಿಲ್ದಾಣ" ಅಂದ ಮೇಲೆ ಅವರು ಒಂದು ಕೂದಲೆಳೆಯಷ್ಟು ನಿಲ್ಲುತ್ತಿದ್ದರು, ಆಮೇಲೆ ಊರಿನ ಹೆಸರು. ಫೋನ್ ನೋಡುತ್ತಿದ್ದವನು ಆ ಗ್ಯಾಪ್‌ನಲ್ಲೇ ತಲೆ ಎತ್ತುತ್ತಾನೆ. ನಾನಾಗಿದ್ದರೆ ಅದನ್ನೂ ಮಾತಿನಿಂದ ತುಂಬಿಬಿಡುತ್ತಿದ್ದೆ.

ಮನೆಯಲ್ಲಿ ರೆಕಾರ್ಡ್ ಮಾಡುವುದು ಬೇಗ ಹೇಳಿ ಮುಗಿಸುತ್ತೇನೆ. ಬಟ್ಟೆ ತುಂಬಿದ ವಾರ್ಡ್‌ರೋಬ್, ಎರಡು ರಜಾಯಿ, ಸಾಧಾರಣ ಮೈಕ್. ಸಾಕು. ಗೋಡೆಯಿಂದ ದನಿ ವಾಪಸ್ ಬರದಿದ್ದರೆ ಅರ್ಧ ಗೆದ್ದಂತೆ. ಉಳಿದರ್ಧ ಬೆಂಗಳೂರಿನ ಕೈಯಲ್ಲಿದೆ. ಕುಕ್ಕರ್, ಬೋರ್‌ವೆಲ್ ಲಾರಿ, ಸೊಪ್ಪಿನವರ ಕೂಗು, ಗಣೇಶ ಹಬ್ಬದ ಆರ್ಕೆಸ್ಟ್ರಾ. ನಾನು ರಾತ್ರಿ ಹನ್ನೊಂದರ ಮೇಲೆ ಕೂರುತ್ತೇನೆ. ಫ್ರಿಜ್ ಆಫ್ ಮಾಡುವಾಗ ಗಾಡಿ ಕೀ ಅದರೊಳಗೆ ಇಡಿ. ಬೆಳಿಗ್ಗೆ ಕೀ ಹುಡುಕುವಾಗ ಫ್ರಿಜ್ ಆನ್ ಮಾಡುವುದು ನೆನಪಾಗುತ್ತೆ. ಹಾಲು ಒಡೆದ ಮೇಲೆ ಕಲಿತ ಪಾಠ. ಡೆಮೊ, ಅಂದರೆ ನಿಮ್ಮ ದನಿಯ ಮಾದರಿ, ಕಳಿಸುವಾಗ ದಯವಿಟ್ಟು ನಿಮ್ಮ ಶೋ ತುಣುಕು ಕಳಿಸಬೇಡಿ. ಒಂದೂವರೆ ನಿಮಿಷದೊಳಗೆ, ಸಂಗೀತವಿಲ್ಲದೆ, ಮೂರು ಬೇರೆ ಬೇರೆ ಮನುಷ್ಯರಾಗಿ ಮಾತಾಡಿ ಕಳಿಸಿ.

ದುಡ್ಡಿನ ವಿಷಯದಲ್ಲಿ ನಾನು ಪೆದ್ದಿಯಾಗಿದ್ದೆ. ಸಂಬಳ ಎಣಿಸಿದ ಅಭ್ಯಾಸ. ಒಂದು ಗಂಟೆ ಓದಿದೆ, ಟಿಡಿಎಸ್ ತೆರಿಗೆ ಹಿಡಿದು ಹಣ ಹಾಕಿದರು, ಮುಗಿಯಿತು ಅಂದುಕೊಂಡೆ. ಒಂದು ಕಂಪನಿಗೆ ಐವಿಆರ್ ಮಾಡಿಕೊಟ್ಟಿದ್ದೆ. ಕೆಲ ವರ್ಷದ ನಂತರ ಯಾವುದೋ ಕೆಲಸಕ್ಕೆ ಅಲ್ಲಿಗೇ ಫೋನ್ ಮಾಡಿದೆ. ನನ್ನದೇ ದನಿ ಸ್ವಾಗತಿಸಿತು. ಆದರೆ ಅದು ಹೇಳುತ್ತಿದ್ದ ವಾಕ್ಯ ನಾನು ಯಾವತ್ತೂ ಓದಿದ್ದಲ್ಲ. ಮೈ ಜುಮ್ಮೆಂದಿತು. ಸಹಿ ಹಾಕಿದ ಕಾಗದ ತೆಗೆದು ನೋಡಿದರೆ "ಯಾವುದೇ ರೂಪದಲ್ಲಿ, ಶಾಶ್ವತವಾಗಿ" ಅಂತ ಒಂದು ಸಾಲು. ಓದದೆ ಹಾಕಿದ್ದು ನಾನೇ. ಈಗ ಮೂರು ವಿಷಯ ಬರೆಸಿಕೊಳ್ಳದೆ ಮೈಕ್ ಮುಂದೆ ನಿಲ್ಲುವುದಿಲ್ಲ: ಎಲ್ಲಿ ಬಳಸುತ್ತೀರಿ, ಎಷ್ಟು ದಿನ, ಎಐಗೆ ಈ ದನಿ ಕಲಿಸುವಂತಿಲ್ಲ. ಮೂರನೆಯದಕ್ಕೆ ಕೆಲವರು ಮುಖ ಸಿಂಡರಿಸುತ್ತಾರೆ. ಆ ಕೆಲಸ ಹೋದರೆ ಹೋಗಲಿ.

ಗಂಟಲಿನ ಬಗ್ಗೆ ಒಂದೇ ಮಾತು. ಅರಚುವ, ಅಳುವ ದೃಶ್ಯಗಳನ್ನು ದಿನದ ಕೊನೆಗೆ ಇಡಲು ಕೇಳಿ. ಬೆಳಿಗ್ಗೆಯೇ ಅರಚಿದರೆ ಮಧ್ಯಾಹ್ನದ ಪ್ರೀತಿಯ ಮಾತೆಲ್ಲ ಒಡಕು ಗಡಿಗೆ. ಹಾಲು ಹಾಕಿದ ಕಾಫಿ ಕುಡಿದು ಹೋದರೆ ಕಫ ಕಟ್ಟುತ್ತೆ ಅನ್ನುತ್ತಾರೆ. ಇದೊಂದು ನಾನು ಇನ್ನೂ ಪಾಲಿಸಿಲ್ಲ. ಬಾಯಿಯ ಚಪ್ ಚಪ್ ಸದ್ದಿಗೆ ಮಾತ್ರ ಹಸಿರು ಸೇಬಿನ ಒಂದು ಹೋಳು ಕೆಲಸ ಮಾಡುತ್ತೆ.

ನಾಳೆ ನನಗೆ ಹೆರಿಗೆ ದೃಶ್ಯ ಇದೆ. ಹೋದ ಸಲ ಮನೆಯಲ್ಲಿ ಅಭ್ಯಾಸ ಮಾಡುವಾಗ ಮೇಲಿನ ಮನೆಯ ಆಂಟಿ ಓಡಿ ಬಂದು ಬಾಗಿಲು ಬಡಿದಿದ್ದರು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್ ಬೇರೆ. ಈ ಸಲ ಅಪಾರ್ಟ್‌ಮೆಂಟ್ ಗ್ರೂಪ್‌ಗೆ ಮೊದಲೇ ವಾಟ್ಸಾಪ್ ಹಾಕಿದ್ದೇನೆ: "ಸಂಜೆ ಆರರಿಂದ ಆರೂವರೆ ತನಕ ಕಿರುಚಾಟ ಇರುತ್ತೆ, ಗಾಬರಿ ಬೇಡ." ಆಂಟಿ ಉತ್ತರ ಕಳಿಸಿದ್ದಾರೆ: "ಗಂಡೋ ಹೆಣ್ಣೋ ಹೇಳಮ್ಮ."