ಹೋಮ್ ಡೈರೆಕ್ಟರಿಯಲ್ಲಿ ಪಪೆಟ್‌ಗೆ ಎಷ್ಟು ಅಧಿಕಾರ ಕೊಡಬೇಕು?

ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಾಲೇಜು ಲ್ಯಾಬುಗಳಲ್ಲಾಗಲಿ ಕಾರ್ಖಾನೆಗಳ ಕಚೇರಿಗಳಲ್ಲಾಗಲಿ ಲಿನಕ್ಸ್ ಯಂತ್ರಗಳ ನಿರ್ವಹಣೆಯನ್ನು ಪಪೆಟ್ ಅಥವಾ ಆನ್ಸಿಬಲ್ ಎಂಬ, ಅನೇಕ ಯಂತ್ರಗಳನ್ನು ಒಂದೇ ಕಡೆಯಿಂದ ಹೊಂದಿಸುವ ಸಾಧನಗಳಿಗೆ ವಹಿಸಲು ನನ್ನನ್ನು ಕರೆದಾಗ, ಹೆಚ್ಚಿನವರು ಮೊದಲ ಮಾತಿನಲ್ಲೇ ಒಂದು ಬೇಡಿಕೆ ಮುಂದಿಡುತ್ತಾರೆ: ಎಲ್ಲ ಬಳಕೆದಾರರ ಹೋಮ್ ಡೈರೆಕ್ಟರಿಯೂ (ಪ್ರತಿಯೊಬ್ಬರ ಸ್ವಂತ ಫೈಲುಗಳಿರುವ ಜಾಗ) ಸದಾ ಒಂದೇ ರೀತಿ ಇರಬೇಕು, ಯಾರು ಏನು ಬದಲಿಸಿದರೂ ಅದು ಮತ್ತೆ ಮೊದಲಿನಂತಾಗಬೇಕು. ಯಂತ್ರದ ಉಳಿದ ಭಾಗಗಳಿಗೆ ಈ ಬೇಡಿಕೆಯನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಹೋಮ್ ಡೈರೆಕ್ಟರಿಗೆ ಮಾತ್ರ ಒಪ್ಪುವುದಿಲ್ಲ.

ಒಂದು ಫೈಲನ್ನು ಒಮ್ಮೆ ಇಟ್ಟು ಬಿಡುವುದು ಬೇರೆ, ಅದು ಸದಾ ಹಾಗೆಯೇ ಇರುವಂತೆ ಕಾಯುವುದು ಬೇರೆ. ಬೇರೇನೂ ಹೇಳದಿದ್ದರೆ ಪಪೆಟ್ ಎರಡನೆಯದನ್ನೇ ಮಾಡುತ್ತದೆ. ಪ್ರತಿ ಯಂತ್ರದಲ್ಲೂ ಇರುವ ಅದರ ಏಜೆಂಟ್ ಎಂಬ ಪ್ರೋಗ್ರಾಂ ಸಾಮಾನ್ಯವಾಗಿ 30 ನಿಮಿಷಕ್ಕೊಮ್ಮೆ ಎದ್ದು, ತನಗೆ ಒಪ್ಪಿಸಿದ ಪ್ರತಿ ಫೈಲನ್ನೂ ಮೂಲದೊಂದಿಗೆ ಹೋಲಿಸಿ, ವ್ಯತ್ಯಾಸ ಕಂಡರೆ ಮೂಲದಂತೆ ತಿದ್ದಿ ಬರೆಯುತ್ತದೆ. ಇಡೀ ಯಂತ್ರದ ಸೆಟ್ಟಿಂಗ್‌ಗಳಿರುವ, ಆಡಳಿತಗಾರನೊಬ್ಬನೇ ಮುಟ್ಟಬೇಕಾದ ಇಟಿಸಿ (/etc) ಡೈರೆಕ್ಟರಿಗೆ ಇದು ತಕ್ಕ ವ್ಯವಸ್ಥೆ. ಆದರೆ ಹೋಮ್ ಡೈರೆಕ್ಟರಿಯಲ್ಲಿರುವ, ಶೆಲ್ಲಿನ (ಆದೇಶಗಳನ್ನು ಟೈಪು ಮಾಡುವ ಪ್ರೋಗ್ರಾಮಿನ) ಸೆಟ್ಟಿಂಗ್‌ಗಳ ಬ್ಯಾಶ್‌ಆರ್‌ಸಿ (.bashrc) ಫೈಲ್ ಇರುವುದೇ ಬಳಕೆದಾರ ತನ್ನ ಅನುಕೂಲಕ್ಕೆ ತಿದ್ದಿಕೊಳ್ಳಲಿ ಎಂದು, ಮತ್ತು ಅಲ್ಲಿ ಅವನು ಬರೆದ ಸಾಲನ್ನು ಸಾಧನವು ದೋಷವೆಂದೇ ತಿಳಿದು ಅಳಿಸುತ್ತದೆ.

ಬಳ್ಳಾರಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ, ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಾಜೆಕ್ಟಿಗೆ ಬೇಕಾದ ಕಂಪೈಲರ್ ಎಲ್ಲಿದೆ ಎಂದು ತಿಳಿಸುವ ಪಾತ್ ಸಾಲನ್ನು ಬ್ಯಾಶ್‌ಆರ್‌ಸಿಯಲ್ಲಿ ಸೇರಿಸಿ, ಚಹಾ ಕುಡಿದು ಬರುವಷ್ಟರಲ್ಲಿ ಆ ಸಾಲು ಇರುತ್ತಿರಲಿಲ್ಲ. ಲ್ಯಾಬ್ ಸಹಾಯಕರು ನನಗೆ ಫೋನ್ ಮಾಡಿ, “ಸರ್, ಬರೆದಿದ್ದು ತಾನಾಗೇ ಅಳಿಸಿ ಹೋಗ್ತೈತ್ರಿ, ವೈರಸ್ ಇರಬೇಕು, ಫಾರ್ಮ್ಯಾಟ್ ಮಾಡಿಬಿಡ್ಲೇನ್ರಿ?” ಎಂದು ಕೇಳಿದರು. ನಾನು ಹೋಗಿ ನೋಡುವ ವೇಳೆಗೆ ಆ ಹುಡುಗಿ ಆ ಸಾಲನ್ನು ಲ್ಯಾಬ್ ರೆಕಾರ್ಡಿನ ಕೊನೆಯ ಪುಟದಲ್ಲಿ ಪೆನ್ನಿನಿಂದ ಬರೆದಿಟ್ಟುಕೊಂಡು, ಅಳಿಸಿದಾಗಲೆಲ್ಲ ನೋಡಿ ಮತ್ತೆ ಟೈಪು ಮಾಡುವುದನ್ನು ರೂಢಿ ಮಾಡಿಕೊಂಡಿದ್ದಳು. ಇಂಥ ಮಕ್ಕಳ ತಾಳ್ಮೆಯನ್ನು ಹೀಗೆ ವ್ಯರ್ಥ ಮಾಡಿಸುವ ವ್ಯವಸ್ಥೆಯನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಇದರ ಪರಿಹಾರ ಒಂದೇ ಸಾಲಿನದು. ಪಪೆಟ್‌ನಲ್ಲಿ ಆ ಫೈಲಿನ ರಿಪ್ಲೇಸ್ ಗುಣವನ್ನು ಫಾಲ್ಸ್ ಎಂದು, ಆನ್ಸಿಬಲ್‌ನ ಕಾಪಿ ಮಾಡ್ಯೂಲಿನಲ್ಲಿ ಫೋರ್ಸ್ ಎಂಬುದನ್ನು ನೋ ಎಂದು ಬರೆದರೆ, ಫೈಲ್ ಇಲ್ಲದಿದ್ದಾಗ ಮಾತ್ರ ಸಾಧನ ಅದನ್ನು ಇಡುತ್ತದೆ, ಇದ್ದರೆ ಮುಟ್ಟುವುದಿಲ್ಲ.

ಹಾಗಾದರೆ ಎಲ್ಲರಿಗೂ ಹೊಸ ಸೆಟ್ಟಿಂಗ್ ಕೊಡುವುದು ಹೇಗೆ ಎಂದು ತಕ್ಷಣ ಕೇಳುತ್ತಾರೆ. ಹೊಸ ಖಾತೆಗಳಿಗೆ ಮಾದರಿ ಫೈಲುಗಳಿರುವ ಸ್ಕೆಲ್ ಡೈರೆಕ್ಟರಿಯನ್ನು ಬದಲಿಸಿದರೆ ಸಾಕೆಂದು ಕೆಲವರು ನಂಬಿದ್ದಾರೆ. ಆದರೆ ಅದರ ನಕಲು ಆಗುವುದು ಹೋಮ್ ಡೈರೆಕ್ಟರಿ ಹುಟ್ಟುವಾಗ ಮಾತ್ರ, ಹಳೆಯ ಬಳಕೆದಾರರಿಗೆ ಅದು ತಲುಪುವುದಿಲ್ಲ. ಎಲ್ಲರಿಗೂ ಬೇಕಾದ ಸೆಟ್ಟಿಂಗ್ ಇಟಿಸಿಯಲ್ಲಿರುವ ಸಾರ್ವತ್ರಿಕ ಶೆಲ್ ಫೈಲುಗಳಲ್ಲಿರಬೇಕು. ಆ ಫೈಲುಗಳ ಹೆಸರು, ಅವು ಓದಲ್ಪಡುವ ಸಂದರ್ಭ ಉಬುಂಟುವಿನಲ್ಲಿ ಒಂದು ರೀತಿ, ರೆಡ್ ಹ್ಯಾಟ್‌ನಲ್ಲಿ ಇನ್ನೊಂದು ರೀತಿ ಇರುವುದರಿಂದ, ಲಾಗಿನ್ ಶೆಲ್ಲಿನಲ್ಲೂ ಡೆಸ್ಕ್‌ಟಾಪಿನ ಟರ್ಮಿನಲ್‌ನಲ್ಲೂ ಪರೀಕ್ಷಿಸಿಯೇ ಮುಂದುವರಿಯಬೇಕು.

ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಅಧಿಕೃತ ಕೀಗಳ ಪಟ್ಟಿ (ಯಾರ ಕೀಗೆ ಪ್ರವೇಶವಿದೆ ಎಂಬ ಫೈಲ್) ಮಾತ್ರ ಹೋಮ್ ಡೈರೆಕ್ಟರಿಯ ಫೈಲುಗಳನ್ನು ಕಾಯಬಾರದು ಎಂಬ ಮಾತಿಗೆ ಅಪವಾದ. ಕೆಲಸ ಬಿಟ್ಟು ಹೋದವರ ಕೀ ಎಲ್ಲ ಸರ್ವರ್‌ಗಳಿಂದಲೂ ತೆಗೆಯಲ್ಪಟ್ಟಿದೆ ಎಂಬ ಖಾತ್ರಿ ಬೇಕಾದರೆ ಆ ಫೈಲನ್ನು ಸಾಧನವೇ ಸದಾ ಕಾಯಬೇಕು. ಸಾಧ್ಯವಾದಲ್ಲಿ ಅದನ್ನು ಹೋಮ್ ಡೈರೆಕ್ಟರಿಯಿಂದ ಹೊರಗಿರಿಸುವುದು ಇನ್ನೂ ಲೇಸು. ಆದರೆ ಇದೇ ನೆಪದಲ್ಲಿ ಇಡೀ ಹೋಮ್ ಡೈರೆಕ್ಟರಿಯ ಪರ್ಮಿಷನ್‌ಗಳನ್ನು ಒಂದೇ ಆದೇಶದಿಂದ ಬದಲಿಸಬೇಡಿ. ಹೋಮ್ ಡೈರೆಕ್ಟರಿಗೆ ಗುಂಪಿನವರೆಲ್ಲ ಬರೆಯಬಹುದಾದರೆ ಎಸ್‌ಎಸ್‌ಎಚ್ ಸರ್ವರ್ ಆ ಬಳಕೆದಾರನ ಕೀಯನ್ನೇ ಒಪ್ಪದು. ಖಾಸಗಿ ಕೀಯನ್ನು ಇತರರು ಓದಬಹುದಾದರೆ ಎಸ್‌ಎಸ್‌ಎಚ್ ಕ್ಲೈಂಟ್ ಅದನ್ನು ಬಳಸದು.

ಹೆಚ್ಚಿನ ಎಚ್ಚರ ಬೇಕಾದದ್ದು ಅಳಿಸುವಾಗ. ಡೈರೆಕ್ಟರಿಯೊಂದನ್ನು ರಿಕರ್ಸ್ (ಒಳಗಿನದೆಲ್ಲವೂ ಸೇರಿ) ಜೊತೆಗೆ ಪರ್ಜ್ (ಉಳಿದದ್ದನ್ನು ಅಳಿಸು) ಹಾಕಿ ಪಪೆಟ್‌ಗೆ ಒಪ್ಪಿಸಿದರೆ, ತನ್ನ ಪಟ್ಟಿಯಲ್ಲಿಲ್ಲದ ಫೈಲುಗಳನ್ನೆಲ್ಲ ಅದು ತೆಗೆಯುತ್ತದೆ. ಹೋಮ್ ಡೈರೆಕ್ಟರಿಯಲ್ಲಿ ಅದರ ಅರ್ಥ ಬಳಕೆದಾರ ಮಾಡಿದ ಕೆಲಸವೆಲ್ಲವೂ ಎಂದು. ಪಪೆಟ್‌ನಲ್ಲಿ ಮ್ಯಾನೇಜ್‌ಹೋಮ್ (ಹೋಮ್ ಡೈರೆಕ್ಟರಿಯನ್ನೂ ನೋಡಿಕೋ ಎಂಬ ಸೂಚನೆ) ಹಾಕಿದ್ದ ಖಾತೆಯನ್ನು ಆಬ್ಸೆಂಟ್ (ಇರಬಾರದು) ಎಂದು ಬದಲಿಸಿದಾಗಲೂ ಖಾತೆಯ ಜೊತೆ ಹೋಮ್ ಡೈರೆಕ್ಟರಿ ಹೋಗುತ್ತದೆ. ಆನ್ಸಿಬಲ್ ಮಾತ್ರ ರಿಮೂವ್ ಎಂದು ಪ್ರತ್ಯೇಕವಾಗಿ ಹೇಳದ ಹೊರತು ಅದನ್ನು ಉಳಿಸುತ್ತದೆ. ಹಾಗೆ ಉಳಿದದ್ದಕ್ಕೂ ಒಂದು ತೊಡಕಿದೆ: ಫೈಲಿನ ಒಡೆತನ ದಾಖಲಾಗುವುದು ಹೆಸರಿನಿಂದಲ್ಲ, ಪ್ರತಿ ಖಾತೆಗೂ ಕೊಡುವ ಯುಐಡಿ ಸಂಖ್ಯೆಯಿಂದ. ಕೊನೆಯ ಸಂಖ್ಯೆಯ ಖಾತೆಯನ್ನು ತೆಗೆದು ಹೊಸಬರನ್ನು ಸೇರಿಸಿದರೆ ಅದೇ ಸಂಖ್ಯೆ ಅವರಿಗೆ ದೊರೆತು, ಹಿಂದಿನವರ ಫೈಲುಗಳೆಲ್ಲ ಅವರದಾಗಬಹುದು. ಆದ್ದರಿಂದ ನಾನು ಮೊದಲು ಖಾತೆಗೆ ಬೀಗ ಹಾಕಿ, ಹೋಮ್ ಡೈರೆಕ್ಟರಿಯನ್ನು ಬ್ಯಾಕಪ್‌ಗೆ ಸಾಗಿಸಿ, ಸಂಬಂಧಪಟ್ಟ ಮುಖ್ಯಸ್ಥರ ಲಿಖಿತ ಒಪ್ಪಿಗೆ ಬಂದ ಮೇಲೆ ಮಾತ್ರ ಅಳಿಸುತ್ತೇನೆ, ಮತ್ತು ಆ ಯುಐಡಿಯನ್ನು ಮತ್ತೆ ಯಾರಿಗೂ ಕೊಡದಂತೆ ಪಟ್ಟಿಯಲ್ಲಿ ಕಾಯ್ದಿರಿಸುತ್ತೇನೆ.